ಕೌದಿಯ ಹೊಟ್ಟೆಯಲ್ಲಿದ್ದ ರೊಕ್ಕ

ಆಗ ನನಗೆ ಅರವತ್ತೊಂದು. ಏಳು ವರ್ಷದ ಹಿಂದಿನ ಮಾತು. ಸಿಕ್ಕ ರೊಕ್ಕವನ್ನು ಇಟ್ಟುಕೊಳ್ಳದೆ ವಾಪಸ್ ಕೊಟ್ಟೆ. ಅದರಿಂದ ಒಂದು ಹುಡುಗಿಯ ಓದು ನಿಂತಿತು.

ನಾನೂ ನನ್ನ ತಂಗಿಯೂ ಸರಸಂಬಾದಲ್ಲಿ ಕೌದಿ ಹೊಲಿಯುತ್ತಿದ್ದೆವು. ಇಬ್ಬರೂ ಗಂಡ ಸತ್ತವರು. ಇಬ್ಬರಿಗೂ ಸೇರಿ ಒಂದೇ ಖೋಲಿ. ಜನ ಹಳೆಯ ಸೀರೆ, ಧೋತರ ತಂದುಕೊಡುತ್ತಿದ್ದರು. ಅವನ್ನು ಪದರು ಪದರಾಗಿ ಹಾಸಿ, ಅಂಚಿನಿಂದ ಒಳಗೆ ಸುತ್ತುತ್ತ ಹೊಲಿಯುವುದು ನಮ್ಮ ಕೆಲಸ. ಮುಗಿಸುವಾಗ ನಡುವೆ ಅಂಗೈಯಷ್ಟು ಜಾಗ ಬಿಟ್ಟು, ಅದರಲ್ಲಿ ಒಂದು ಚೂರು ರೊಟ್ಟಿ, ಒಂದು ಚಿಟಿಕೆ ಸಕ್ಕರೆ ಇಟ್ಟು ಮೇಲೆ ತುಂಡು ಬಟ್ಟೆ ಹಚ್ಚುತ್ತೇವೆ. ಇದಕ್ಕೆ ಹೊಟ್ಟೆ ತುಂಬುವುದು ಎನ್ನುತ್ತೇವೆ. ಹಸಿದ ಕೌದಿಯನ್ನು ಯಾರಿಗೂ ಹೊದಿಸಬಾರದು ಅಂತ ನಮ್ಮವ್ವ ಕಲಿಸಿದ್ದಳು. ಒಮ್ಮೆ ತುಂಬಿದ ಹೊಟ್ಟೆಯನ್ನು ಮನೆಯವರು ಯಾರೂ ಬಿಚ್ಚುವುದಿಲ್ಲ. ಇಲಿ ಬಿಚ್ಚಿದರೆ ಬೇರೆ ಮಾತು.

ನಮ್ಮ ಓಣಿಯಲ್ಲಿ ಎಮ್ಮೆ ಕಟ್ಟಿದ್ದ, ನಾಲ್ಕು ಎಕರೆ ತೊಗರಿ ಹೊಲ ಇದ್ದ ಒಬ್ಬನ ತಾಯಿ ತೀರಿಕೊಂಡಳು. ನಾಲ್ಕು ವರ್ಷ ಹಾಸಿಗೆ ಹಿಡಿದಿದ್ದ ಮುದುಕಿ. ಕೊನೆಯ ಮೂರು ವರ್ಷ ಕಣ್ಣೂ ಇರಲಿಲ್ಲ. ಅವಳ ಕೌದಿ ಹೊಲಿದವಳು ನಾನೇ. ಅವಳು ಹೋಗಿ ತಿಂಗಳಾದ ಮೇಲೆ ಮಗ ಆ ಕೌದಿಯನ್ನು ಒಗೆಸಿ, ಒಣಗಿಸಿ, ತಾನೇ ಹೊತ್ತುಕೊಂಡು ನನ್ನ ಬಾಗಿಲಿಗೆ ಬಂದ. ಜೊತೆಗೆ ತಾಯಿಯ ಇಳಕಲ್ ಸೀರೆ ತಂದಿದ್ದ. ಸೀರೆಯನ್ನು ಮೇಲೆ ಹಾಕಿ ಹೊಸದಾಗಿ ಹೊಲಿ, ಅವ್ವನ ನೆನಪಿಗೆ ನಾನು ಹೊದ್ದುಕೊಳ್ಳುತ್ತೇನೆ ಅಂದ.

ಗಂಡಸು ಕೌದಿ ತಂದದ್ದು ಅದೇ ಮೊದಲು. ಬಟ್ಟೆ ಕೊಡುವುದು, ಕೂಲಿ ಮುರಿಯುವುದು, ಹೊಲಿಗೆ ಸಡಿಲಾಗಿದೆ ಅಂತ ಜಗಳಕ್ಕೆ ಬರುವುದು ಎಲ್ಲ ಹೆಂಗಸರ ವ್ಯವಹಾರ. ನಿನ್ನ ಹೆಂಡತಿ ಎಲ್ಲಿ ಎಂದು ಕೇಳಿದೆ. ಜೇವರ್ಗಿ ಕಡೆ ಕೊಳಕೂರಕ್ಕೆ, ತವರಿಗೆ ಹೋಗಿದ್ದಾಳೆ, ಎರಡು ದಿನ ಬಿಟ್ಟು ಬರುತ್ತಾಳೆ ಅಂದ. ಅವಳು ಯಾಕೆ ಹೋಗಿದ್ದಾಳೆ ಎಂಬುದು ಓಣಿಗೆಲ್ಲ ಗೊತ್ತಿತ್ತು. ಮಗಳು ಹನ್ನೆರಡನೆಯದು ಪಾಸಾಗಿದ್ದಳು. ಹುಡುಗಿಯನ್ನು ತನ್ನ ಅಣ್ಣನ ಮನೆಯಲ್ಲಿ ಇಟ್ಟು, ಜೇವರ್ಗಿಯಲ್ಲಿ ನರ್ಸಿಂಗ್ ಕಲಿಸಬೇಕು ಅಂತ ತಾಯಿಯ ಹಟ. ಫೀಸಿಗೆ ನನ್ನ ಹತ್ತಿರ ಬಿಡಿಗಾಸಿಲ್ಲ ಅಂತ ಗಂಡ ಹೇಳಿಬಿಟ್ಟಿದ್ದ. ಅವನ ಕಣ್ಣು ಅಫಜಲಪುರದ ಕಡೆಯ ಒಂದು ಸಂಬಂಧದ ಮೇಲಿತ್ತು.

ಅವಳು ಬರುವ ದಿನ ಬೆಳಿಗ್ಗೆ ಹೊಲಿಗೆ ಬಿಚ್ಚಲು ಕೂತೆ. ಹೊಟ್ಟೆಯ ಮೇಲಿನ ತುಂಡಿಗೆ ಕೆಂಪು ದಾರ ಹಾಕಿತ್ತು. ನಾನು ಹಾಕುವುದು ಬಿಳಿ ದಾರ. ಬಿಚ್ಚಿದೆ. ಒಳಗೆ ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಸುತ್ತಿದ ನೋಟು ಇದ್ದವು. ಹತ್ತು, ಐವತ್ತು, ನೂರು, ನಡುವೆ ಹಳದಿ ಬಣ್ಣದ ಇನ್ನೂರರವು. ನನಗೆ ಅಕ್ಷರ ಕಡಿಮೆ, ನೋಟಿನ ಗುರುತು ಬಣ್ಣದಿಂದಲೇ. ನನ್ನ ತಂಗಿ ಎಣಿಸಿ ಹದಿನಾಲ್ಕು ಸಾವಿರ ಅಂದಳು. ಆಮೇಲೆ ಎದ್ದು ಬಾಗಿಲು ಹಾಕಿದಳು.

"ಇಟ್ಕೋ ಅಕ್ಕಾ. ಸತ್ತಾಕಿ ಎದ್ದು ಬಂದು ಕೇಳ್ತಾಳೇನು?"

"ಮಗ ಕೇಳ್ತಾನ."

"ಮಗಗ ಗೊತ್ತಿದ್ರ ಕೌದಿ ನಿನ್ನ ಕೈಗೆ ಯಾಕ ಕೊಡ್ತಿದ್ದ? ದೇವ್ರು ಕೊಟ್ಟಾನ, ಸುಮ್ನ ಇಟ್ಕೋ."

"ದೇವ್ರಿಗೆ ಕೊಡೂದಿದ್ರ ಕೈಯಾಗ ಕೊಡ್ತಾನ ಬೇ. ಉಚ್ಚಿ ನಾರೂ ಕೌದ್ಯಾಗ ಯಾಕ ಹೊಲಿತಾನ?"

ಇಟ್ಟುಕೊಳ್ಳಬೇಕು ಅಂತ ನನಗೂ ಅನ್ನಿಸಿತು. ಅನ್ನಿಸಲಿಲ್ಲ ಅಂದರೆ ಸುಳ್ಳು. ಖೋಲಿಯ ತಗಡು ತೂತಾಗಿತ್ತು, ಮಳೆ ಹತ್ತಿರ ಬಂದಿತ್ತು. ಮಧ್ಯಾಹ್ನದವರೆಗೆ ನೋಟನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ. ಉಣ್ಣಲಿಲ್ಲ. ಹಾಗೆ ಕೂತಾಗ ಆಳಂದದ ಒಂದು ಮನೆಯ ನೆನಪು ಬಂತು. ಹರೆಯದಲ್ಲಿ ಅಲ್ಲಿ ಕೌದಿ ಹೊಲಿಯಲು ಹೋಗಿದ್ದಾಗ ಕಾಲುಂಗುರ ಕದ್ದಳು ಅಂತ ನನ್ನ ಉಡಿ ಬಿಚ್ಚಿಸಿ ನೋಡಿದ್ದರು. ಉಂಗುರ ಆಮೇಲೆ ಜೋಳದ ಚೀಲದಲ್ಲಿ ಸಿಕ್ಕಿತು. ಸಿಕ್ಕಿತು ಅಂತ ಹೇಳಲು ಯಾರೂ ಬರಲಿಲ್ಲ. ಅಂದಿನಿಂದ ಬಟ್ಟೆಯಲ್ಲಿ ಒಂದು ಪಿನ್ನು ಸಿಕ್ಕರೂ ನಾಲ್ಕು ಜನರ ಎದುರಿಗೆ ವಾಪಸ್ ಕೊಡುವುದು ನನ್ನ ಚಟ. ಇದರಲ್ಲಿ ಧರ್ಮ ಏನೂ ಇಲ್ಲ, ಹೆದರಿಕೆ.

ಕೊಡುವುದು ಅಂತ ಗಟ್ಟಿಯಾದ ಮೇಲೆ ತಂಗಿ ಇನ್ನೊಂದು ಮಾತು ಹೇಳಿದಳು. "ಹಂಗಾರ ಇವತ್ತು ಸಂಜಿ ತನಕ ತಡಿ. ಸೊಸಿ ಬರ್ತಾಳ, ಆಕಿ ಕೈಗೆ ಕೊಡು. ಕೌದಿ ಹೆಂಗಸರದು."

ತಂದವನು ಗಂಡಸು, ಅವನಿಗೇ ಕೊಡುತ್ತೇನೆ ಅಂದೆ. ಸಂಜೆಯವರೆಗೆ ನನ್ನ ಹತ್ತಿರ ಇದ್ದರೆ ಅದು ಕಳುವಿನ ಹಾಗೆ ಕಾಣುತ್ತದೆ ಅಂತಲೂ ಅಂದೆ. ಕಣ್ಣಿಲ್ಲದ ಮುದುಕಿ ಸೂಜಿಗೆ ಕೆಂಪು ದಾರ ಹೇಗೆ ಏರಿಸಿದಳು ಅಂತ ನಾನು ಯೋಚಿಸಲಿಲ್ಲ. ಹಳದಿ ನೋಟು ಬಂದು ಇನ್ನೂ ವರ್ಷವಾಗಿರಲಿಲ್ಲ, ಹಾಸಿಗೆಯಿಂದ ಏಳದವಳಿಗೆ ಅದು ಎಲ್ಲಿಂದ ಬಂತು ಅಂತಲೂ ಯೋಚಿಸಲಿಲ್ಲ. ನಲವತ್ತು ವರ್ಷ ಹೊಲಿಗೆ ನೋಡಿ ಕೈ ಗುರುತಿಸಿದವಳು ನಾನು.

ಬಸ್ ನಿಲ್ಲುವಲ್ಲಿ ಚಹಾದ ಅಂಗಡಿಯ ಮುಂದೆ ಅವನು ಕೂತಿದ್ದ. ಇನ್ನೂ ಏಳೆಂಟು ಜನ ಇದ್ದರು. ಎಲ್ಲರೆದುರು ಗಂಟನ್ನು ಅವನ ಕೈಯಲ್ಲಿಟ್ಟೆ, ಎಲ್ಲಿ ಸಿಕ್ಕಿತು ಅಂತ ಹೇಳಿದೆ. ಅವನು ಅದನ್ನು ಕಣ್ಣಿಗೆ ಒತ್ತಿಕೊಂಡ.

"ನಮ್ಮವ್ವ ಮೊಮ್ಮಗಳ ಲಗ್ನಕ್ಕಂತ ಕೂಡಿಸಿಟ್ಟು ಹೋಗ್ಯಾಳ ನೋಡ್ರಿ," ಅಂದ.

ಎಲ್ಲರೂ ಹೌದು ಹೌದು ಅಂದರು. ಈ ಕಾಲದಲ್ಲಿ ಇಂಥವರು ಎಲ್ಲಿ ಸಿಗುತ್ತಾರೆ ಅಂತ ನನ್ನನ್ನೂ ಹೊಗಳಿದರು, ಚಹಾ ಕುಡಿಸಿದರು. ಕುಡಿದೆ. ಚೆನ್ನಾಗಿತ್ತು. ನಾನು ಅಲ್ಲಿಂದ ಏಳುವ ಮೊದಲೇ ಅವನು ಅಫಜಲಪುರದವರಿಗೆ ಫೋನು ಹಚ್ಚಿ, ಬರುವ ಸೋಮವಾರ ನಿಶ್ಚಯಕ್ಕೆ ಬನ್ನಿ ಅನ್ನುತ್ತಿದ್ದ.

ಹೊತ್ತು ಮುಳುಗುವ ಮುಂಚೆ ಸೊಸೆ ಬಂದಳು. ಬಸ್ಸಿಳಿದು ಮನೆಗೆ ಹೋಗಿ, ಕೌದಿ ಕಾಣದೆ ನೇರ ನನ್ನ ಹತ್ತಿರ ಬಂದಿದ್ದಳು. ಚೀಲ ಇನ್ನೂ ಹೆಗಲಲ್ಲೇ ಇತ್ತು.

"ಯವ್ವಾ, ಹೊಟ್ಟಿ ಬಿಚ್ಚಿದ್ಯೇನು?"

"ಬಿಚ್ಚಿದೆ."

"ಯಾರ ಕೈಯಾಗ ಕೊಟ್ಟಿ?"

"ನಿನ್ನ ಗಂಡನ ಕೈಯಾಗ."

ಅವಳು ಹೊಸ್ತಿಲ ಮೇಲೆ ಕೂತಳು. ಅಳಲಿಲ್ಲ. ಮುದುಕಿಯ ಹಾಸಿಗೆ ನಾರುತ್ತಿತ್ತು, ಗಂಡ ಅದನ್ನು ಮುಟ್ಟುತ್ತಿರಲಿಲ್ಲ, ಅದಕ್ಕೇ ಅಲ್ಲಿ ಇಟ್ಟಿದ್ದೆ ಅಂದಳು. ಮೂರು ವರ್ಷ ಕೂಡಿಸಿದ್ದು. ಅತ್ತೆ ಸತ್ತ ಮೇಲೆ ಕೌದಿಯನ್ನು ಯಾರಿಗೂ ಕೊಡಬಾರದು ಅಂತ ಅಟ್ಟದ ಮೇಲೆ ಹಾಕಿದ್ದಳು. ಅವ್ವನ ಮೇಲೆ ಅವನಿಗೆ ಒಮ್ಮೆಗೇ ಇಷ್ಟು ಪ್ರೀತಿ ಹುಟ್ಟುತ್ತದೆ ಅಂತ ಅವಳಿಗೆ ಹೇಗೆ ಗೊತ್ತು. ಕೊಳಕೂರದಲ್ಲಿ ಅಣ್ಣ ಹುಡುಗಿಯನ್ನು ಇಟ್ಟುಕೊಳ್ಳಲು ಒಪ್ಪಿದ್ದ. ಫೀಸು ಕಟ್ಟಲು ಸೋಮವಾರವೇ ಕಡೆ.

ಹೋಗಿ ನಿನ್ನದು ಅಂತ ಹೇಳು ಅಂದೆ.

"ಏನಂತ ಹೇಳ್ಲಿ? ಎಲ್ಲಿಂದ ಬಂತು ಅಂತಾನ. ಡೈರಿಗೆ ಹಾಕೂ ಹಾಲಿಗೆ ನೀರು ಬೆರಸಿ, ಉಳಿದ ಹಾಲು ಓಣ್ಯಾಗ ಮಾರೇನಿ ಅಂತ ಹೇಳ್ಲೇನು? ರೊಕ್ಕಾನೂ ಹೋಗ್ತದ, ಹೊಡ್ತಾನೂ ಬೀಳ್ತಾವ."

ನನ್ನ ತಂಗಿ ಒಳಗಿನಿಂದ ನನ್ನನ್ನೇ ನೋಡುತ್ತಿದ್ದಳು. ನಾನು ಕಳ್ಳಿಯಾಗಿದ್ದರೆ, ಅಥವಾ ಸಂಜೆಯವರೆಗೆ ಆಸೆ ಹಿಡಿದು ಕೂತಿದ್ದರೆ, ಗಂಟು ಸೊಸೆಯ ಕೈಗೆ ಸೇರುತ್ತಿತ್ತು. ಅವಳು ಕೇಳಿದಾಗ ಕೊಡುತ್ತಿದ್ದೆನೋ ಇಲ್ಲವೋ, ಅದೂ ಖಾತ್ರಿ ಇಲ್ಲ. ಅವಳು ಎದ್ದು, ನಿಂದೇನೂ ತಪ್ಪಿಲ್ಲ ಬಿಡು ಅಂದು ಹೋದಳು. ಬೈದಿದ್ದರೆ ಬೇಕಾಗಿತ್ತು.

ಮರುದಿನ ಬೆಳಿಗ್ಗೆ ನಾನು ಅವನ ಮನೆಗೆ ಹೋದೆ. ಅವನು ಕಟ್ಟೆಯ ಮೇಲೆ ಕೂತು ಇಬ್ಬರ ಜೊತೆ ಮಾತಾಡುತ್ತಿದ್ದ. ಹೆಂಡತಿ ಅಂಗಳದಲ್ಲಿ ಹಾಲಿನ ಕ್ಯಾನು ತೊಳೆಯುತ್ತಿದ್ದಳು.

"ಯಪ್ಪಾ, ನಿನ್ನೆ ಕೊಟ್ಟ ರೊಕ್ಕ ನಂದು," ಅಂದೆ. "ನಾನೇ ಇಟ್ಟು ಮರ್ತಿದ್ದೆ. ವಾಪಸ್ ಕೊಡು."

"ನಿನ್ನ ರೊಕ್ಕ ನಮ್ಮವ್ವನ ಕೌದ್ಯಾಗ ಹೆಂಗ ಹೋತು?"

ಒಂದೇ ರಾತ್ರಿಯಲ್ಲಿ ಈ ಮುದುಕಿಗೆ ಆಸೆ ಹುಟ್ಟಿದೆ ಅಂತ ಅವನು ಆ ಇಬ್ಬರಿಗೆ ಹೇಳಿದ. ಅವರಲ್ಲಿ ಒಬ್ಬ ನಿನ್ನೆ ನನಗೆ ಚಹಾ ಕುಡಿಸಿದವನು. ಇಬ್ಬರೂ ನಕ್ಕರು. ಅಂಗಳದಲ್ಲಿ ಕ್ಯಾನು ತಿಕ್ಕುವ ಸಪ್ಪಳ ನಿಲ್ಲಲಿಲ್ಲ. ಅವನು ನನ್ನ ಹಿಂದೆಯೇ ಖೋಲಿಯವರೆಗೆ ಬಂದು, ಅರ್ಧ ಬಿಚ್ಚಿದ ಕೌದಿಯನ್ನೂ ಸೀರೆಯನ್ನೂ ಇಸಿದುಕೊಂಡ. ಬಿಚ್ಚಿದ ಕೂಲಿ ಅಂತ ಐವತ್ತು ರೂಪಾಯಿ ಕೊಟ್ಟ. ತೆಗೆದುಕೊಂಡೆ.