ತಿಮ್ಮಕ್ಕನ ಹೆಸರಿಗೆ ಬಂದ ರಂಗಕ್ಕನ ಬಹುಮಾನ

ರಂಗಕ್ಕ ಯಾರಿಗಾದರೂ ಮಜ್ಜಿಗೆ ಕೊಟ್ಟರೆ ಚೊಂಬು ವಾಪಸು ಕೈಗೆ ಬರುವ ತನಕ ಅವರ ಮುಂದಿನಿಂದ ಕದಲುತ್ತಿರಲಿಲ್ಲ. ನನಗೆ ಕೊಟ್ಟರೂ ಅಷ್ಟೆ. ನಮ್ಮ ಮನೆಗೂ ಅವಳ ಮನೆಗೂ ನಡುವೆ ಒಂದೇ ಗೋಡೆ. ಮೂವತ್ತು ವರ್ಷ ಪಕ್ಕದಲ್ಲೇ ಬಾಳಿದ್ದೇವೆ. ಆದರೂ ಚೊಂಬಿನ ವಿಷಯದಲ್ಲಿ ಅವಳಿಗೆ ನಾನೂ ಒಂದೇ, ದಾರಿಹೋಕರೂ ಒಂದೇ.

ಮದುವೆಯಾಗಿ ಬಂದಾಗ ಹಾಗಿರಲಿಲ್ಲ. ಅವಳ ಗಂಡ ಮಾಯಣ್ಣ ಕಂಡವರನ್ನೆಲ್ಲ ನಂಬುತ್ತಿದ್ದ. ಇಬ್ಬರ ಪಾಲಿನ ನಂಬಿಕೆಯನ್ನೂ ಅವನೊಬ್ಬನೇ ಮುಗಿಸಿಬಿಟ್ಟ ಅಂತ ನಾನು ತಮಾಷೆ ಮಾಡುತ್ತಿದ್ದೆ. ಮಾಯಣ್ಣನ ಅಪ್ಪ ತೀರಿಕೊಂಡಾಗ ಅವನ ಅಣ್ಣ ಲಕ್ಕಯ್ಯ, "ಬಾವಿಯಿಂದ ತೆಂಕಲಿಗಿರೋ ನಲವತ್ತು ಮರ ನಿಂಗೆ ಕಣ್ಲಾ ಮಾಯ, ಬಡಗಲ ಕಡೇವು ನಂಗೆ" ಅಂದ. ಇವನು "ಆಯ್ತು ಬುಡಣ್ಣ" ಅಂದ. ಅಲ್ಲಿಗೆ ಭಾಗ ಮುಗಿಯಿತು. ಕಾಗದವಿಲ್ಲ, ಪತ್ರವಿಲ್ಲ. ಸರ್ಕಾರದ ಪಹಣಿಯಲ್ಲಿ ಇಡೀ ತೋಟ ಲಕ್ಕಯ್ಯನ ಹೆಸರಿಗೇ ಕೂತಿತು.

ಎಪ್ಪತ್ತೊಂಬತ್ತರಲ್ಲಿ ಮಾಯಣ್ಣ ಹಾವು ಕಡಿದು ಸತ್ತ. ಮಕ್ಕಳಿಲ್ಲ. ಆ ನಲವತ್ತು ಮರ ಬಿಟ್ಟರೆ ರಂಗಕ್ಕನಿಗೆ ಬೇರೆ ಆಸರೆಯಿಲ್ಲ. ಮರ ನಿನ್ನವಲ್ಲ ಅಂತ ಲಕ್ಕಯ್ಯ ಒಂದು ದಿನವೂ ಅನ್ನಲಿಲ್ಲ. ನಿನ್ನವು ಅಂತಲೂ ಅನ್ನಲಿಲ್ಲ. ಅದೇ ಅವಳನ್ನು ತಿಂದದ್ದು. ಗಡಿಯ ಮರಗಳಿಗೆಲ್ಲ ಸುಣ್ಣದ ಬೊಟ್ಟಿಟ್ಟಳು. ಮಳೆ ಬಂದು ಸುಣ್ಣ ತೊಳೆದುಹೋದರೆ ಅವಳ ಅನುಮಾನ ಮಳೆಯ ಮೇಲಲ್ಲ, ಲಕ್ಕಯ್ಯನ ಹೆಂಡತಿ ತಿಮ್ಮಕ್ಕನ ಮೇಲೆ. "ಒದ್ದೆ ಬಟ್ಟೆ ತಗೊಂಡು ಒರೆಸವ್ಳೆ ಕಣೇ, ನೋಡಿಲ್ಲಿ, ಕೈಯಾಡಿಸಿರೋ ಗುರುತು" ಅನ್ನುತ್ತಿದ್ದಳು. ನನಗೆ ಯಾವ ಗುರುತೂ ಕಾಣುತ್ತಿರಲಿಲ್ಲ.

ಎಂಬತ್ತೆರಡನೇ ಇಸವಿ, ಸಂಕ್ರಾಂತಿ ಕಳೆದ ಮೇಲೆ ಹಂದನಕೆರೆ ಕಡೆಯಿಂದ ಒಂದು ವ್ಯಾನು ಬಂತು. ಆರು ಜನ ಇಳಿದರು. ಅವರಲ್ಲಿ ಗಡ್ಡದವನೊಬ್ಬ ಡೈರೆಕ್ಟರಂತೆ. ಬೆಂಗಳೂರಿನವರು, ಸಿನಿಮಾ ತೆಗೆಯುತ್ತಾರಂತೆ. ನೇರ ರಂಗಕ್ಕನ ತೋಟದ ಬದುವಿಗೆ ಹೋಗಿ ಮೂರು ಕಾಲಿನ ಸ್ಟ್ಯಾಂಡು ನಿಲ್ಲಿಸಿ, ಅದರ ಮೇಲೊಂದು ಪೆಟ್ಟಿಗೆ ಇಟ್ಟು, ಒಂದು ಕಣ್ಣು ಮುಚ್ಚಿ ನೋಡತೊಡಗಿದರು.

ಚಿಕ್ಕನಾಯಕನಹಳ್ಳಿ ಸೀಮೆಯ ನಮಗೆ ಮೂರು ಕಾಲಿನ ಸ್ಟ್ಯಾಂಡು ಹೊಸದಲ್ಲ. ಗುಡ್ಡದ ಕಡೆ ಅದಿರು ಅಗೆಯಲು ಬಂದವರೂ ಮೊದಲು ಅಂಥದ್ದನ್ನೇ ತಂದು ನಿಲ್ಲಿಸಿ, ಹೀಗೇ ಒಂದು ಕಣ್ಣು ಮುಚ್ಚಿ ನೋಡಿ ಹೋಗಿದ್ದರು. ವರ್ಷ ತುಂಬುವುದರೊಳಗೆ ಲಾರಿ ಬಂದವು, ಕೆಂಪು ಧೂಳು ಬಂತು, ಅಲ್ಲಿ ಹೊಲ ಇಟ್ಟಿದ್ದವರು ಕೂಲಿಗೆ ಹೋದರು.

ಊರಲ್ಲಿ ಎಲ್ಲದಕ್ಕೂ ಮುಂದೆ ನಿಂತು ಮಾತಾಡುವವನು ಹುಚ್ಚರಂಗಯ್ಯ. ಅರಳಿಕಟ್ಟೆಯ ಮೇಲೆ ಕೂತು ತೀರ್ಮಾನ ಕೊಟ್ಟ. "ಸಿನಿಮಾ ಅಂತೆ. ಹೀರೋ ಎಲ್ಲವ್ನೆ? ಒಂದು ಹಾಡಿಲ್ಲ, ಒಂದು ಫೈಟಿಂಗ್ ಇಲ್ಲ. ತೆಂಗಿನಮರ ನೋಡೋಕೆ ಯಾವನ್ಲಾ ಟಿಕೆಟ್ ತಗೋತಾನೆ? ಇವ್ರು ಸರ್ವೆಯವ್ರು ಕಣ್ರಪ್ಪ. ಯಾರೂ ನಿಜವಾದ ಹೆಸರು ಹೇಳಬ್ಯಾಡಿ."

ಊರೆಲ್ಲ ಒಪ್ಪಿತು. ನಾನೂ ಒಪ್ಪಿದೆ.

ಮಾರನೇ ದಿನ ಪುಸ್ತಕ, ಪೆನ್ನು ಹಿಡಿದವನೊಬ್ಬ ರಂಗಕ್ಕನ ಹತ್ತಿರ ಬಂದ. ನಾನು ಪಕ್ಕದಲ್ಲೇ ಇದ್ದೆ.

"ನಿಮ್ಮ ಹೆಸರೇನಮ್ಮಾ?"

ರಂಗಕ್ಕ ಅವನ ಪೆನ್ನು ನೋಡಿದಳು, ನನ್ನ ಮುಖ ನೋಡಿದಳು. "ತಿಮ್ಮಕ್ಕ" ಅಂದಳು.

"ಈ ತೋಟ ಯಾರದು?"

"ತಿಮ್ಮಕ್ಕಂದೇ."

ಅವನು ಬರೆದುಕೊಂಡು ನನ್ನ ಕಡೆ ತಿರುಗಿದ. ನಾನು ಮರಿಯಮ್ಮ ಅಂದೆ. ನಮ್ಮ ಬೀದಿಯ ಮರಿಯಮ್ಮ ಸತ್ತು ನಾಲ್ಕು ವರ್ಷವಾಗಿತ್ತು, ನೋಟೀಸು ಬಂದರೂ ಅವಳಿಗೆ ತೊಂದರೆಯಿರಲಿಲ್ಲ.

ಅವನು ಅತ್ತ ಹೋದಮೇಲೆ ಕೇಳಿದೆ. "ಅಲ್ಲ ಕಣೇ, ವಾರಗಿತ್ತಿ ಹೆಸರ್ಯಾಕೆ ಹೇಳ್ದೆ?"

"ಹೋದ್ರೆ ಅವಳ ಹೆಸರಿನ ಮರ ಹೋಗ್ಲಿ. ನಂದ್ಯಾಕೆ ಹೋಗ್ಬೇಕು?"

ನಾಲ್ಕು ದಿನ ಇದ್ದರು. ನಿನ್ನ ಪಾಡಿಗೆ ನೀನು ಕೆಲಸ ಮಾಡಿಕೊಂಡಿರಮ್ಮ ಅಂದರು. ಅವಳ ಕೆಲಸವೆಂದರೆ ಅಟ್ಟ. ಕಿತ್ತ ಕಾಯಿ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಮಲಗಿರಬೇಕು. ಒಳಗಿನ ನೀರೆಲ್ಲ ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟು ಉಂಡೆಯಾಗಬೇಕು. ಅಲ್ಲಿಯ ತನಕ ಒಡೆಯುವ ಹಾಗಿಲ್ಲ. ಆಗಿದೆಯೋ ಇಲ್ಲವೋ ಅನ್ನುವುದು ಕಿವಿಗೇ ಗೊತ್ತಾಗಬೇಕು. ರಂಗಕ್ಕ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದಳು. ನೀರಿದ್ದರೆ ಲೊಟಲೊಟ ಅನ್ನುತ್ತದೆ, ಉಂಡೆಯಾಗಿದ್ದರೆ ಗಡಗಡ. ತಿಪಟೂರಿನ ಮಂಡಿಯವರೂ ಅವಳ ಕಿವಿಗೆ ಎದುರು ಹೇಳುತ್ತಿರಲಿಲ್ಲ.

ಡೈರೆಕ್ಟರಿಗೆ ಅದು ಬಹಳ ಹಿಡಿಸಿತು. ಏಣಿ ಹತ್ತಿಸಿ ಪೆಟ್ಟಿಗೆಯನ್ನು ಅಟ್ಟದ ಬಾಯಿಗೇ ಇಟ್ಟ. ಕೊನೆಯ ದಿನ, "ಒಂದು ಕಾಯಿ ಒಡೆದು ತೋರಿಸಿ" ಅಂದ.

"ಇನ್ನೂ ಎರಡು ತಿಂಗಳಾಗ್ಬೇಕು."

"ಒಂದೇ ಒಂದು. ಕ್ಯಾಮೆರಾಕ್ಕೆ."

"ಕ್ಯಾಮೆರಾಕ್ಕೆ ಬೇಗ ಆಗುತ್ತಾ?"

ಕಾಯನ್ನು ಎದೆಗೆ ಅವುಚಿಕೊಂಡು ಆ ಪೆಟ್ಟಿಗೆಯ ಗಾಜನ್ನೇ ನೋಡುತ್ತ ಕೂತಳು. ಕಳ್ಳನನ್ನು ಹಿಡಿದಿಟ್ಟವರು ನೋಡುತ್ತಾರಲ್ಲ, ಆ ನೋಟ. ಬಹಳ ಹೊತ್ತು ಪೆಟ್ಟಿಗೆ ಗುಯ್ ಅನ್ನುತ್ತಲೇ ಇತ್ತು. ಆಮೇಲೆ ಮಡಚಿಕೊಂಡು ಹೊರಟುಹೋದರು.

ಎರಡು ವರ್ಷ ಸುದ್ದಿಯಿಲ್ಲ. ತಿಪಟೂರಿನ ಟಾಕೀಸಿಗೆ ಆ ಸಿನಿಮಾ ಬರಲಿಲ್ಲ, ಹಂದನಕೆರೆಯ ಟೆಂಟಿಗೂ ಬರಲಿಲ್ಲ. ಹುಚ್ಚರಂಗಯ್ಯ ಎದೆಯುಬ್ಬಿಸಿದ. "ನಾನು ಹೇಳ್ಲಿಲ್ವಾ? ಇನ್ನೇನು ಕಲ್ಲು ನೆಡೋಕೆ ಬತ್ತಾರೆ, ನೋಡ್ತಿರಿ." ರಂಗಕ್ಕ ದಿನಾ ಬೆಳಿಗ್ಗೆ ಬದು ಸುತ್ತಿ ಬರುತ್ತಿದ್ದಳು, ಹೊಸ ಕಲ್ಲು ಬಿದ್ದಿದೆಯೇನೋ ಅಂತ.

ಎಂಬತ್ತನಾಲ್ಕರಲ್ಲಿ ಬಂದದ್ದು ಕಲ್ಲಲ್ಲ, ಪೇಪರು. ಹೆಡ್‌ಮಾಸ್ಟರು ಶ್ರೀರಂಗಯ್ಯನವರು ಅರಳಿಕಟ್ಟೆಯ ಹತ್ತಿರ ನಿಂತು ಗಟ್ಟಿಯಾಗಿ ಓದಿದರು. ಹೊರದೇಶದ ಯಾವುದೋ ಊರಲ್ಲಿ ಅಂತರರಾಷ್ಟ್ರೀಯ ಚಿತ್ರೋತ್ಸವ ನಡೆದು, ಏಷ್ಯಾದ ಸಿನಿಮಾಗಳಿಗೆಂದೇ ಇಟ್ಟಿರುವ ಬಹುಮಾನ ನಮ್ಮೂರಲ್ಲಿ ತೆಗೆದ ಸಿನಿಮಾಕ್ಕೆ ಬಂದಿದೆಯಂತೆ. ಅದರಲ್ಲಿ ಕಾಣಿಸಿಕೊಂಡ ಹೆಂಗಸಿಗೆ ತೀರ್ಪುಗಾರರು ಬೇರೆಯಾಗಿ ಒಂದು ಪ್ರಶಸ್ತಿಪತ್ರ ಕೊಟ್ಟಿದ್ದಾರಂತೆ.

"ಏಷ್ಯಾ ಅಂದ್ರೆ ಯಾವ್ದು ಮೇಷ್ಟ್ರೇ?" ಅಂದ ಹುಚ್ಚರಂಗಯ್ಯ.

"ನಾವಿರೋದೇ ಏಷ್ಯಾ ಕಣಪ್ಪ."

"ನಾವಿರೋದು ಚಿಕ್ಕನಾಯಕನಹಳ್ಳಿ ತಾಲ್ಲೂಕಲ್ವಾ? ಯಾವಾಗ ಸೇರಿಸಿದ್ರು? ನಮ್ಮನ್ನ ಒಂದು ಮಾತು ಕೇಳ್ಬೇಕೋ ಬ್ಯಾಡ್ವೋ?"

ಎಲ್ಲರೂ ನಕ್ಕರು. ಮೇಷ್ಟ್ರು ಮುಂದೆ ಓದಿದರು: "ಹಂದನಕೆರೆ ಸಮೀಪದ ರೈತ ಮಹಿಳೆ ತಿಮ್ಮಕ್ಕ, ತಮ್ಮ ಸ್ವಂತ ತೋಟದಲ್ಲಿ, ತಮ್ಮ ಸ್ವಂತ ಬದುಕನ್ನೇ ಅಭಿನಯಿಸಿದ್ದಾರೆ." ಕೆಳಗೆ ಫೋಟೋ. ರಂಗಕ್ಕನ ಮುಖ, ಎದೆಗವುಚಿದ ಕಾಯಿ. ಹಿಂದೆ ಅವಳದೇ ಮರಗಳು.

ಲಕ್ಕಯ್ಯ ಎದ್ದು ಬಂದು, "ಎಲ್ಲಿ ಕೊಡಿ ಮೇಷ್ಟ್ರೇ" ಅಂತ ಪೇಪರು ಇಸಕೊಂಡ. ಫೋಟೋದ ಮೇಲೆ ಗೀರು ಬೀಳದ ಹಾಗೆ ನಾಲ್ಕು ಮಡಿಕೆ ಮಾಡಿ ಅಂಗಿಯ ಒಳಜೇಬಿಗೆ ಇಟ್ಟುಕೊಂಡ.

ರಂಗಕ್ಕ ಅವತ್ತು ಒಲೆ ಹಚ್ಚಲಿಲ್ಲ. ನಾನು ಮುದ್ದೆ ತೆಗೆದುಕೊಂಡು ಹೋದರೆ ಗೋಡೆಗೊರಗಿ ಕೂತಿದ್ದಾಳೆ.

"ನನ್ನ ಮರಾನ ನಾನೇ ಬಾಯಾರೆ ಅವಳ ಹೆಸರಿಗೆ ಹೇಳ್ಬುಟ್ಟೆ ಕಣೇ ದೇವಮ್ಮ. ಅಚ್ಚಾಗಿ ಬಂದೈತೆ. ನಾಳೆ ಕೋರ್ಟಲ್ಲಿ ಹಿಡಿದ್ರೆ ಏನಂತ ಬಾಯಿ ಬಿಡ್ಲಿ?"

"ಪೇಪರ್ನ ಕೋರ್ಟಲ್ಲಿ ಯಾರು ಕೇಳ್ತಾರೆ?"

"ಯಾರೂ ಕೇಳದೇ ಇರೋದನ್ನ ಅವನ್ಯಾಕೆ ಅಷ್ಟು ಜೋಪಾನ ಮಡಿಚ್ದ?"

ಹೋಗಿ ಅವನನ್ನೇ ಕೇಳು ಅಂದೆ. "ಕೇಳಿದ್ರೆ ನಿಂದಲ್ಲ ಅಂತಾನೆ. ಆ ಮಾತು ಅವನ ಬಾಯಿಂದ ಇನ್ನೂ ಬಂದಿಲ್ಲ. ನಾನ್ಯಾಕೆ ಎಳೀಲಿ?" ಅಂದಳು.

ತಿಂಗಳಾದ ಮೇಲೆ ಡೈರೆಕ್ಟರು ಹೆಡ್‌ಮಾಸ್ಟರಿಗೆ ಕಾಗದ ಬರೆದ. ಪ್ರಶಸ್ತಿಪತ್ರವನ್ನು ತಾನೇ ತಂದು ತಿಮ್ಮಕ್ಕನವರಿಗೆ ಊರ ಮುಂದೆ ಕೊಡುತ್ತೇನೆ ಅಂತ. ಸ್ಕೂಲಿನ ಮುಂದೆ ಚಪ್ಪರ ಹಾಕಿದರು. ಬಂದದ್ದು ನೋಟೀಸಲ್ಲ ಅಂತ ಗಟ್ಟಿಯಾದ ಮೇಲೆ ತಿಮ್ಮಕ್ಕನಿಗೂ ಧೈರ್ಯ ಬಂದಿತ್ತು. "ಮುಖ ಯಾರ್ದಾದ್ರೇನು, ಹೆಸರು ನಂದು ತಾನೆ?" ಅಂತ ಬೀದಿಯಲ್ಲೆಲ್ಲ ಹೇಳಿಕೊಂಡು, ಮಗಳ ಮದುವೆಗೆ ಉಟ್ಟ ಸೀರೆ ಉಟ್ಟುಕೊಂಡು, ಬೆಂಚಿನ ಮೇಲೆ ಹಾರ ಹಾಕಿಸಿಕೊಂಡು ಕೂತಳು. ಲಕ್ಕಯ್ಯ ಪಕ್ಕದಲ್ಲಿ ನಿಂತಿದ್ದ.

ಡೈರೆಕ್ಟರು ಬಂದವನು ಅವಳನ್ನು ನೋಡಿ, "ಇವರಲ್ಲ" ಅಂದ.

"ಇವಳೇ ಸ್ವಾಮಿ ತಿಮ್ಮಕ್ಕ. ಊರಲ್ಲಿ ಇನ್ನೊಬ್ಬಳು ತಿಮ್ಮಕ್ಕ ಇಲ್ಲ" ಅಂದ ಲಕ್ಕಯ್ಯ.

"ಮುಖ ಬೇರೆ ಇತ್ತು."

"ಎರಡು ವರ್ಷ ಆಯ್ತಲ್ಲ ಸ್ವಾಮಿ, ಮುಖ ಹಂಗೇ ಇರುತ್ತಾ?" ಅಂದಳು ತಿಮ್ಮಕ್ಕ.

ಜನ ಕಿಸಕ್ ಅಂದರು. ಆದರೆ ಯಾರೂ ನಿಜ ಹೇಳಲಿಲ್ಲ. ಹೇಗೆ ಹೇಳುತ್ತಾರೆ, ಒಬ್ಬೊಬ್ಬರದೂ ಒಂದೊಂದು ಸುಳ್ಳು ಹೆಸರು ಅವನ ಪುಸ್ತಕದಲ್ಲಿ ಕೂತಿತ್ತು. ಡೈರೆಕ್ಟರು ಜನರ ಮೇಲೆಲ್ಲ ಕಣ್ಣಾಡಿಸಿದ. ಹಿಂದೆ ಚಪ್ಪರದ ಕಂಬದ ಮರೆಯಲ್ಲಿ ರಂಗಕ್ಕ ನಿಂತಿದ್ದಳು. "ಅವರೇ" ಅಂದ.

ಸುಮ್ಮನೆ ಮನೆಗೆ ನಡೆದುಬಿಡುತ್ತಾಳೆ ಅಂತ ನಾನು ಅಂದುಕೊಂಡೆ. ಸೆರಗು ಬಿಗಿದುಕೊಂಡು ಮುಂದೆ ಬಂದಳು.

"ನನ್ನ ಹೆಸರು ರಂಗಕ್ಕ. ಅವತ್ತು ಸುಳ್ಳು ಹೇಳ್ದೆ."

"ಯಾಕಮ್ಮಾ?"

"ನೀವು ತೋಟ ಹೊಡ್ಕಂಡು ಹೋಗೋಕೆ ಬಂದೋರು ಅಂದ್ಕಂಡಿದ್ದೆ."

ಡೈರೆಕ್ಟರು ಗಡ್ಡ ಕೆರೆದುಕೊಂಡು ನಕ್ಕ. "ಅಲ್ಲಿಯ ದೊಡ್ಡವರು ನಿಮ್ಮ ಆ ನೋಟವನ್ನೇ ಹೊಗಳಿದ್ದು. ಎಷ್ಟು ವರ್ಷದ ಅಭ್ಯಾಸ ಅಂತ ನನ್ನನ್ನ ಕೇಳಿದ್ರು."

"ನಂಗೆ ಈಗ್ಲೂ ನಿಮ್ಮ ಮೇಲೆ ನಂಬಿಕೆ ಇಲ್ಲ. ಅದೇನು ಕಾಗದ, ತೋರ್ಸಿ."

ದಪ್ಪ ಕಾಗದ, ಸುತ್ತ ಬಂಗಾರದ ಬಣ್ಣದ ಅಂಚು, ಕೆಳಗೆ ರೂಪಾಯಿಯಗಲದ ಕೆಂಪು ಮೊಹರು. ರಂಗಕ್ಕ ಮೊಹರಿನ ಮೇಲೆ ಬೆರಳಾಡಿಸಿದಳು.

"ಇದು ಯಾರ್ದು?"

"ಚಿತ್ರೋತ್ಸವದ ಅಧ್ಯಕ್ಷರದು."

"ಅಮಲ್ದಾರರಿಗಿಂತ ದೊಡ್ಡೋರಾ?"

ಡೈರೆಕ್ಟರು ಮೇಷ್ಟ್ರ ಮುಖ ನೋಡಿದ. ಮೇಷ್ಟ್ರು, "ದೊಡ್ಡೋರೇ ಅಂತ ಇಟ್ಕೊಳಮ್ಮ" ಅಂದರು.

ರಂಗಕ್ಕ ಕಾಗದ ತಿರುಗಿಸಿದಳು. ಹಿಂಬದಿ ಬಿಳಿಯಾಗಿತ್ತು. ಅದನ್ನು ಹಿಡಿದುಕೊಂಡೇ ಲಕ್ಕಯ್ಯನ ಕಡೆ ತಿರುಗಿದಳು.

"ಭಾವ, ಬಾವಿಯಿಂದ ತೆಂಕಲಿಗಿರೋ ನಲವತ್ತು ಮರ ಯಾರವು?"

"ಇದೇನಮ್ಮ, ಇಲ್ಲಿ ಕೇಳೋ ಮಾತಾ ಇದು?"

"ಇಲ್ಲೇ ಕೇಳೋದು."

"ನಾನೇನು ಯಾವತ್ತಾದ್ರೂ ನಿಂದಲ್ಲ ಅಂದಿದ್ನಾ?"

"ಅಂದಿಲ್ಲ. ನಿಂದು ಅಂತಲೂ ಅಂದಿಲ್ಲ."

ಲಕ್ಕಯ್ಯ ಅತ್ತ ನೋಡಿದ, ಇತ್ತ ನೋಡಿದ. ಎಲ್ಲ ಕಡೆಯೂ ಮುಖಗಳೇ. ಹುಚ್ಚರಂಗಯ್ಯ ಹಿಂದಿನಿಂದ, "ಹೇಳು ಬುಡು ಲಕ್ಕಯ್ಯ, ಬಿಸಿಲೇರ್ತಾ ಐತೆ" ಅಂದ.

"ಅವಳವೇ" ಅಂದ ಲಕ್ಕಯ್ಯ.

"ಮೇಷ್ಟ್ರೇ, ಅದನ್ನ ಇಲ್ಲಿ ಬರೀರಿ. ಭಾವ ಕೆಳಗೆ ಸೈನ್ ಹಾಕ್ಲಿ."

ಡೈರೆಕ್ಟರು ಗಾಬರಿಯಾದ. "ಅಮ್ಮಾ, ಇದು ಪ್ರಶಸ್ತಿಪತ್ರ. ಇದರ ಮೇಲೆ ಬರೆಯಬಾರದು."

"ಕೊಟ್ಟಿರೋದು ನಂಗೆ ತಾನೆ?"

"ನಿಮಗೇ."

"ಹಂಗಾದ್ರೆ ಬರೀರಿ."

ಮೇಷ್ಟ್ರು ಬರೆದರು. ಲಕ್ಕಯ್ಯ ಸೈನ್ ಹಾಕಿದ. ಸಾಕ್ಷಿ ಅಂತ ಡೈರೆಕ್ಟರ ಕೈಯಲ್ಲೂ ಹಾಕಿಸಿದಳು, ನನ್ನ ಕೈಯಲ್ಲೂ ಹಾಕಿಸಿದಳು. ಈ ಸಲ ನಾನು ನನ್ನ ಹೆಸರೇ ಬರೆದೆ. ಒಳಜೇಬಿನ ಪೇಪರನ್ನೂ ಕೊಡು ಅಂತ ಲಕ್ಕಯ್ಯನ ಮುಂದೆ ಕೈ ಚಾಚಿದಳು, ಅವನು ಕೊಟ್ಟ. ತಿಮ್ಮಕ್ಕ ಎದ್ದು ಹಾರ ತೆಗೆದು ಅವಳ ಕೈಗೆ ತುರುಕಿ, "ತಗೋ ನಿನ್ನ ಸಿನಿಮಾನ. ನನ್ನ ಹೆಸರು ನಂಗೆ ಬುಡು ಮಹಾತಾಯಿ" ಅಂದು ಮನೆಗೆ ನಡೆದಳು.

ಲಕ್ಕಯ್ಯನಿಗೆ ನಿಜವಾಗಿಯೂ ಆ ಮರಗಳ ಮೇಲೆ ಕಣ್ಣಿತ್ತೋ, ಇಲ್ಲ, ಹೆಂಡತಿಯ ಹೆಸರು ಪೇಪರಿನಲ್ಲಿ ಬಂತಲ್ಲ ಅಂತ ಆಸೆಗೆ ಮಡಚಿಟ್ಟುಕೊಂಡನೋ, ನನಗೆ ಇವತ್ತಿಗೂ ತಿಳಿಯದು. ಅವನೂ ಹೋದ, ಇನ್ನು ಕೇಳುವ ಹಾಗಿಲ್ಲ. ಆ ಬರಹ ಕಚೇರಿಯಲ್ಲಿ ನಡೆಯಲ್ಲ ಅಂತ ಮೇಷ್ಟ್ರು ಅವತ್ತೇ ಹೇಳಿದ್ದರು. ಆದರೆ ಎಂಬತ್ತಾರರಲ್ಲಿ ರಂಗಕ್ಕ ಒಯ್ದು ತೋರಿಸಿದ ಆ ಕಾಗದವನ್ನು ಶಾನುಭೋಗರು ಹಿಂದೆಮುಂದೆ ತಿರುಗಿಸಿ ನೋಡಿ, "ಈ ಸೈನ್ ನಿಂದೇನಯ್ಯ?" ಅಂತ ಕೇಳಿದಾಗ ಲಕ್ಕಯ್ಯ ಹೂಂ ಅಂದ. ನಲವತ್ತು ಮರ ರಂಗಕ್ಕನ ಖಾತೆಗೆ ಬಂದವು.

ಸಿನಿಮಾ ಮಾತ್ರ ಅವಳು ನೋಡಲಿಲ್ಲ. ಬೆಂಗಳೂರಿಗೆ ಬಾ ಅಂತ ಡೈರೆಕ್ಟರು ಎರಡು ಸಲ ಬರೆದ. "ನಾನು ಅಲ್ಲಿ ನನ್ನ ಮರ ನೋಡ್ತಾ ಕೂತಿರ್ಲಿ, ಇಲ್ಲಿ ಯಾರಾದ್ರೂ ಹತ್ತಿ ಕಾಯಿ ಕೀಳ್ಲಿ" ಅಂದು ಸುಮ್ಮನಾದಳು.

ತಿಪಟೂರಿನಲ್ಲಿ ಆ ಪತ್ರಕ್ಕೆ ಕಟ್ಟು ಹಾಕಿಸಿದಾಗ ಅಂಗಡಿಯವನು ಬಂಗಾರದಂಚಿನ ಬದಿಯನ್ನು ಮುಂದಕ್ಕಿಟ್ಟು ಗಾಜು ಕೂರಿಸಿದ್ದ. ಇವಳು ಬಿಚ್ಚಿಸಿ, ತಿರುಗಿಸಿ ಹಾಕಿಸಿಕೊಂಡು ಬಂದಳು. ಒಂದೆರಡು ವರ್ಷ ಬಿಟ್ಟು ಪೇಪರಿನವನೊಬ್ಬ ಫೋಟೋ ತೆಗೆಯಲು ಬಂದಿದ್ದ. ಗೋಡೆಯ ಮೇಲಿನ ಮೇಷ್ಟ್ರ ಅಕ್ಷರಗಳನ್ನು ಓದಿ ಅವನಿಗೆ ತಲೆಬುಡ ತಿಳಿಯಲಿಲ್ಲ.

"ಇದರ ಹಿಂದೆ ಏನಿದೆ ತಾಯಿ?"

ರಂಗಕ್ಕ ಮಜ್ಜಿಗೆ ಚೊಂಬಿಗೆ ಕೈ ಚಾಚಿಕೊಂಡು ನಿಂತಿದ್ದಳು. "ಅದಾ? ಅದೇನೋ ಸಿನಿಮಾದವ್ರದ್ದು. ಓದೋದು ಈ ಕಡೆಯಿಂದ" ಅಂದಳು.