ಏಣಿ ಹತ್ತಲು ಅಪ್ಪಣೆ

ಆ ವರ್ಷ ದ್ವೀಪನಾಡಿನ ಸುವಾ ಊರಿನ ಎಂಟು ಬಸ್ಸುಗಳ ಪಕ್ಕೆಯ ಮೇಲೆ ರೈಜಿಯೇಲಿ ತೆಗೆದ ಚಿತ್ರವಿತ್ತು. ಕೇಳೇರಾ ಎಣಿಸಿದ್ದಳು. ಮರದ ತೊಗಟೆ ಬಡಿದು ಮಾಡಿದ ಬಟ್ಟೆಯ ಉದ್ದ ಉಡುಪು ತೊಟ್ಟ ಹುಡುಗಿಯೊಬ್ಬಳು ಮೊಣಕಾಲುದ್ದ ನೀರಿನಲ್ಲಿ ನಿಂತು ಹಿಂತಿರುಗಿ ನೋಡುವ ಚಿತ್ರ. ಬಸ್ಸುಗಳು ಕೇಳೇರಾಳ ಫೋಟೋ ಸ್ಟುಡಿಯೋದ ಕಿಟಕಿಯ ಕೆಳಗೇ ತಿರುಗುತ್ತಿದ್ದುದರಿಂದ ದಿನಕ್ಕೆ ಹತ್ತಾರು ಸಲ ಆ ಹುಡುಗಿ ಕೇಳೇರಾಳನ್ನು ನೋಡಿ ಹೋಗುತ್ತಿದ್ದಳು. ಚಿತ್ರದಲ್ಲಿ ತಪ್ಪು ಹುಡುಕಲು ಕೇಳೇರಾಳಿಗೆ ಎರಡು ವಾರ ಹಿಡಿಯಿತು. ಸಿಕ್ಕಿದ್ದು ಒಂದೇ: ಎಡಗೈಯ ಕಿರುಬೆರಳು ಅಂಚಿನಲ್ಲಿ ತುಂಡಾಗಿತ್ತು. ಅದನ್ನೇ ಬಂದವರಿಗೆಲ್ಲ ತೋರಿಸಿದಳು.

ಕೇಳೇರಾ ಈ ಸ್ಟುಡಿಯೋಗೆ ಬಂದದ್ದು ಹದಿನೇಳನೆಯ ವಯಸ್ಸಿನಲ್ಲಿ, ಕಪ್ಪು-ಬಿಳುಪು ಮದುವೆ ಚಿತ್ರಗಳ ತುಟಿ ಕೆನ್ನೆಗಳಿಗೆ ಬಣ್ಣ ಹಚ್ಚುವ ಕೆಲಸಕ್ಕೆ. ಮಾಲೀಕ ದಯಾಭಾಯಿ ಅವಳಿಗೆ ಬೆಳಕನ್ನು ಕಲಿಸಿದ. ಇಲ್ಲಿ ಸೂರ್ಯ ಉತ್ತರದ ಕಡೆ ವಾಲಿ ನಡೆಯುವುದರಿಂದ ದಕ್ಷಿಣದ ಕಿಟಕಿಗೆ ನೇರ ಬಿಸಿಲು ಹೆಚ್ಚು ಬೀಳುವುದಿಲ್ಲ, ಬೆಳಕು ದಿನವಿಡೀ ಒಂದೇ ಹದದಲ್ಲಿರುತ್ತದೆ. ಬಿಳಿ ಅಂಗಿ ತೊಟ್ಟ ಕಪ್ಪು ಮುಖವನ್ನು ತೆಗೆಯುವಾಗ ಕ್ಯಾಮೆರಾ ಅಂಗಿಗೆ ಮರುಳಾಗಿ ಮುಖವನ್ನು ಇದ್ದಿಲು ಮಾಡಿಬಿಡುತ್ತದೆ. ಆದ್ದರಿಂದ ತನ್ನ ಅಂಗೈಯನ್ನು ಮುಖದ ಪಕ್ಕ ಹಿಡಿದು ಅದರ ಮೇಲಿನ ಬೆಳಕನ್ನು ಅಳೆಯಬೇಕು. ದಯಾಭಾಯಿ ಆಕ್ಲೆಂಡಿಗೆ ಮಗಳ ಮನೆಗೆ ಹೋಗುವಾಗ ಸ್ಟುಡಿಯೋವನ್ನು ಅವಳಿಗೇ ಬಿಟ್ಟುಹೋದ. ಅಂದಿನಿಂದ ಚರ್ಚಿನ ಹಾಡುಗಾರರು, ಪದವೀಧರರು, ಪಾಸ್‌ಪೋರ್ಟಿನ ಮುಖಗಳು ಎಲ್ಲವೂ ಅವಳ ಕೈಯಿಂದಲೇ.

ಒಂದು ವಿದ್ಯೆ ಮಾತ್ರ ದಯಾಭಾಯಿಗೂ ಬರುತ್ತಿರಲಿಲ್ಲ. ದ್ವೀಪದ ಮೂಲನಿವಾಸಿಗಳಾದ ಅವಳ ಜನರಲ್ಲಿ ಇನ್ನೊಬ್ಬರ ತಲೆ ಮುಟ್ಟುವಂತಿಲ್ಲ. ಹಾಗಾಗಿ ಕೂತವರ ಗಲ್ಲ ತಿರುಗಿಸಬೇಕಾದಾಗ ಕೇಳೇರಾ ತನ್ನ ಗಲ್ಲವನ್ನೇ ನಿಧಾನವಾಗಿ ತಿರುಗಿಸುತ್ತಿದ್ದಳು, ಎದುರಿನವರು ಗೊತ್ತಿಲ್ಲದೆಯೇ ಹಾಗೆ ತಿರುಗುತ್ತಿದ್ದರು. ಮನೆತನದ ಹಿರಿಯರು ಕೂತಿರುವಾಗ ಅವರಿಗಿಂತ ಎತ್ತರದಲ್ಲಿ ನಿಲ್ಲುವುದೂ ಸಲ್ಲದು. ಅದಕ್ಕೆ ಅಂಥವರ ಚಿತ್ರವನ್ನು ಅವಳು ಚಾಪೆಯ ಮೇಲೆ ಕೂತು ಕೆಳಗಿನಿಂದಲೇ ತೆಗೆಯುತ್ತಿದ್ದಳು. ಗಲ್ಲ ಬಂಡೆಯಂತೆ ಕಾಣುತ್ತಿತ್ತು, ಮೂಗಿನ ಹೊಳ್ಳೆಗಳು ಎದ್ದು ಕಾಣುತ್ತಿದ್ದವು. ಅದು ಅವಳಿಗೆ ಗೊತ್ತಿತ್ತು. ಚಿತ್ರದಲ್ಲಿ ಗಾಂಭೀರ್ಯ ಇದೆ ಎಂದು ಜನ ಹೇಳಿದಾಗ ಅವಳು ತಲೆದೂಗುತ್ತಿದ್ದಳು.

ರೈಜಿಯೇಲಿ ಅವಳ ಸೋದರತ್ತೆಯ ಮಗಳು, ಹನ್ನೆರಡು ವರ್ಷ ಚಿಕ್ಕವಳು. ಅಂಗೈಯ ಮೇಲೆ ಬೆಳಕು ಅಳೆಯುವುದನ್ನು ಅವಳಿಗೆ ಕಲಿಸಿದವಳು ಕೇಳೇರಾಳೇ. ಆಮೇಲೆ ಅವಳು ಸಿಡ್ನಿಗೆ ಹೋಗಿ ಫ್ಯಾಷನ್ ಚಿತ್ರಗಳಲ್ಲಿ ಹನ್ನೊಂದು ವರ್ಷ ದುಡಿದು, ಎರಡು ಪೆಟ್ಟಿಗೆ ದೀಪಗಳೊಂದಿಗೆ ವಾಪಸು ಬಂದಳು. ಅವರ ಪದ್ಧತಿಯಲ್ಲಿ ಇಂಥ ಅತ್ತೆ-ಮಾವಂದಿರ ಮಕ್ಕಳು ಒಬ್ಬರನ್ನೊಬ್ಬರು ಗೇಲಿ ಮಾಡಲೇಬೇಕು, ಸಿಟ್ಟಾಗುವಂತಿಲ್ಲ. ಕೇಳೇರಾಳಿಗೆ ಇದು ಅನುಕೂಲವಾಗಿತ್ತು. ಅವಳು ಹೊಟ್ಟೆಕಿಚ್ಚಿನಿಂದ ಆಡಿದ್ದನ್ನೆಲ್ಲ ಊರು ತಮಾಷೆ ಎಂದುಕೊಳ್ಳುತ್ತಿತ್ತು.

ರೇವಾ ನದಿ ಕಡಲು ಸೇರುವ ಕಡೆಯ ಒಂದು ಹಳ್ಳಿಯಲ್ಲಿ ಹೊಸ ಸಭಾಮನೆ ಕಟ್ಟಿದ್ದರು. ಅಲ್ಲಿನ ದೊಡ್ಡ ಮನೆತನದ ಹಿರಿಯಳು ಆದಿ ತೋರಿಕಾ, ಎಂಬತ್ತೆರಡು ವರ್ಷದವಳು. ಸಭಾಮನೆಯ ನಡುಗೋಡೆಗೆ ಅವಳ ಚಿತ್ರ ಬೇಕಿತ್ತು. ಅವಳ ಚಿತ್ರಗಳನ್ನು ಮೂವತ್ತೈದು ವರ್ಷದಿಂದ ತೆಗೆದವಳು ಕೇಳೇರಾ. ಆದರೆ ಆದಿ ತೋರಿಕಾಳ ಮೊಮ್ಮಗಳು ಈ ಸಲ ರೈಜಿಯೇಲಿಯನ್ನೂ ಕರೆಸಿದಳು. ಇಬ್ಬರೂ ತೆಗೆಯಲಿ, ಹಿರಿಯರು ಒಂದನ್ನು ಆರಿಸಲಿ ಎಂದಾಯಿತು. ಆ ಗೋಡೆಯ ಮೇಲೆ ಯಾರ ಚಿತ್ರ ಏರುತ್ತದೋ ಮುಂದೆ ಸುತ್ತಲಿನ ಹಳ್ಳಿಗಳೆಲ್ಲ ಅವರನ್ನೇ ಕರೆಯುತ್ತವೆ. ಕೇಳೇರಾಳಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಹಳ್ಳಿಗೆ ಹೊರಟ ಬೆಳಿಗ್ಗೆ ದೋಣಿಕಟ್ಟೆಯಲ್ಲಿ ರೈಜಿಯೇಲಿ ತನ್ನ ಸಾಮಾನನ್ನು ದೋಣಿಗೆ ಇಳಿಸುತ್ತಿದ್ದಳು. ಅದರಲ್ಲಿ ಮೂರು ಮೆಟ್ಟಿಲಿನ ಅಲ್ಯೂಮಿನಿಯಮ್ ಏಣಿ ಇತ್ತು.

"ಏನೇ ಸಿಡ್ನಿ, ತೆಂಗಿನಕಾಯಿ ಕೀಳೋಕೆ ಹೊರಟಿದ್ದೀಯಾ?" ಎಂದಳು ಕೇಳೇರಾ.

"ಇಲ್ಲ ಅತ್ತಿಗೆ, ನಿನ್ನ ಮೂಗು ಎಲ್ಲಿಗೆ ಮುಗಿಯುತ್ತೆ ಅಂತ ಹತ್ತಿ ನೋಡೋಣ ಅಂತ."

"ನೋಡು, ನೋಡು. ಬಿದ್ದರೆ ಹಲ್ಲು ಆರಿಸಿ ಕೊಡ್ತೀನಿ."

ದೋಣಿಯವನು ನಕ್ಕ. ಕೇಳೇರಾಳೂ ನಕ್ಕಳು, ಆದರೆ ಅವಳ ಕಣ್ಣು ಏಣಿಯ ಮೇಲೇ ಇತ್ತು. ಸ್ವಲ್ಪ ಮೇಲಿನಿಂದ ತೆಗೆದರೆ ವಯಸ್ಸಾದ ಕತ್ತು ಬಿಗಿಯಾಗಿ, ಕಣ್ಣು ದೊಡ್ಡದಾಗಿ ಕಾಣುತ್ತವೆ. ಫ್ಯಾಷನ್ ಚಿತ್ರದವರ ದಿನನಿತ್ಯದ ಕೆಲಸ ಅದು. ಇವಳು ಆದಿ ತೋರಿಕಾಳ ಮುಂದೆ ಏಣಿ ಹತ್ತಿದರೆ ಹಿರಿಯರು ಅಲ್ಲೇ ಎದ್ದು ಕಳಿಸಿಬಿಡುತ್ತಾರೆ. ಹನ್ನೊಂದು ವರ್ಷ ಹೊರಗಿದ್ದವಳು, ಮರೆತಿರಬಹುದು. ಎಚ್ಚರಿಸುವುದು ಹಿರಿಯಳಾದ ತನ್ನ ಕೆಲಸ. ದೋಣಿ ನಲವತ್ತು ನಿಮಿಷ ಸಾಗಿತು. ಕೇಳೇರಾ ಲೆನ್ಸಿನ ಗಾಜು ಒರೆಸುತ್ತ ಕೂತಳು, ಮಾತೆತ್ತಲಿಲ್ಲ. ಅವಳ ಮನಸ್ಸು ಬಹಳ ದಿನಗಳ ಮೇಲೆ ಹಗುರಾಗಿತ್ತು.

ಮನೆಯೊಳಗೆ ಆದಿ ತೋರಿಕಾ ಕುರ್ಚಿಯಲ್ಲಿದ್ದಳು, ಉಳಿದವರು ಚಾಪೆಯ ಮೇಲೆ. ಮನೆತನದ ಪರವಾಗಿ ಮಾತಾಡುವ ನೆಮಾನಿ ಪಕ್ಕದಲ್ಲಿ ಕೂತಿದ್ದ. ಹಳ್ಳಿಗೆ ಕಾಲಿಟ್ಟಾಗ ಕೊಡಬೇಕಾದ ಕಾಣಿಕೆಯನ್ನು, ಅರೆದು ಕುಡಿಯುವ ಯಂಗೋನ ಬೇರಿನ ಕಟ್ಟನ್ನು, ಮೊಮ್ಮಗಳೇ ಇಬ್ಬರ ಪರವಾಗಿ ಕೊಟ್ಟಳು. ಇನ್ನು ಕೆಲಸ ಶುರು ಎನ್ನುವಾಗ ರೈಜಿಯೇಲಿ ಬಾಗಿಲ ಬಳಿ ಮಂಡಿಯೂರಿ, ಚೀಲದಿಂದ ಯಂಗೋನ ಬೇರಿನ ಇನ್ನೊಂದು ಕಟ್ಟು ತೆಗೆದು ನೆಮಾನಿಯ ಮುಂದಿಟ್ಟಳು. ಕೈಗಳನ್ನು ಬೋಗುಣಿ ಮಾಡಿ ಮೂರು ಸಲ ತಟ್ಟಿದಳು.

"ಇದು ಬೇರೆ ಮಾತಿಗೆ. ನನ್ನ ಕೆಲಸಕ್ಕೆ ಅಮ್ಮನಿಗಿಂತ ಎತ್ತರದಲ್ಲಿ ನಿಲ್ಲಬೇಕಾಗುತ್ತೆ. ಅದು ತಪ್ಪು ಅಂತ ಗೊತ್ತು. ಅಪ್ಪಣೆ ಆದರೆ ನಿಲ್ತೀನಿ, ಇಲ್ಲಾಂದ್ರೆ ಏಣಿ ದೋಣಿಗೆ ವಾಪಸು."

ನೆಮಾನಿ ಕಟ್ಟನ್ನು ನೋಡಿದ, ಆಮೇಲೆ ಕುರ್ಚಿಯ ಕಡೆ.

"ತಗೋ ನೆಮಾನಿ," ಎಂದಳು ಆದಿ ತೋರಿಕಾ. "ಇಷ್ಟು ವರ್ಷದಲ್ಲಿ ಯಾರೂ ಕೇಳಲಿಲ್ಲ. ನನಗೆ ಕತ್ತು ಅನ್ನೋದು ಇನ್ನೂ ಇದೆಯಾ ಅಂತ ನೋಡಬೇಕು. ಫೋಟೋದಲ್ಲೆಲ್ಲ ಬರೀ ಹೊಳ್ಳೆ." ಕೇಳೇರಾಳತ್ತ ತಿರುಗಿ, ಬೇಜಾರಿಲ್ಲದೆ ಹೇಳಿದಳು: "ನಿನ್ನ ಮಿಷಿನ್ನೇ ಹಾಗೆ ಅಂದ್ಕೊಂಡಿದ್ದೆ ಮಗಳೇ."

ಎಲ್ಲರೂ ನಕ್ಕರು. ಗೇಲಿಗೆ ಸಿಟ್ಟಾಗುವಂತಿಲ್ಲ, ಆದರೆ ಇದು ಗೇಲಿಯಾಗಿರಲಿಲ್ಲ. ಅದೇ ಕೇಳೇರಾಳನ್ನು ಸುಟ್ಟಿತು.

ರೈಜಿಯೇಲಿ ಏಣಿಯ ಎರಡನೇ ಮೆಟ್ಟಿಲಿಂದ ಹನ್ನೆರಡು ಚಿತ್ರ ತೆಗೆದು, ಬೆನ್ನು ಬಗ್ಗಿಸಿಕೊಂಡೇ ಇಳಿದುಬಂದಳು. ಕೇಳೇರಾಳ ಪಕ್ಕ ಕೂತು ಪಿಸುಗುಟ್ಟಿದಳು:

"ಚೀಲದಲ್ಲಿ ಇನ್ನೊಂದು ಕಟ್ಟಿದೆ ಅತ್ತಿಗೆ. ನೀನೂ ಕೇಳು. ಏಣಿ ಅಲ್ಲೇ ಇರಲಿ."

ಬರಿಗೈಯಲ್ಲಿ ಅಪ್ಪಣೆ ಕೇಳುವುದು ಮರ್ಯಾದೆಯಲ್ಲ. ತಾನು ಕಟ್ಟು ತಂದಿರಲಿಲ್ಲ. ತರಬೇಕೆಂದು ಮೂವತ್ತೈದು ವರ್ಷದಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ.

"ನಿನ್ನ ಏಣಿ ನನ್ನ ಭಾರ ತಡೆಯಲ್ಲ," ಎಂದಳು. ಎಂದಿನಂತೆ ಚಾಪೆಯ ಮೇಲೆ ಕೂತು, ಅಂಗೈ ಹಿಡಿದು ಬೆಳಕು ಅಳೆದು, ಕೆಳಗಿನಿಂದಲೇ ತೆಗೆದಳು.

ವಾಪಸು ಬರುವಾಗ ದೋಣಿಯಲ್ಲಿ ಇಬ್ಬರೂ ಬೇಯಿಸಿದ ಮರಗೆಣಸು ತಿನ್ನುತ್ತಿದ್ದರು. ಕೇಳೇರಾ ನೀರಿನ ಕಡೆ ನೋಡುತ್ತ ಹೇಳಿದಳು:

"ಬೆಳಿಗ್ಗೆ ಏಣಿ ನೋಡಿದ್ದೆ. ನೀನು ಕೇಳದೆ ಹತ್ತಲಿ ಅಂತ ಸುಮ್ಮನಿದ್ದೆ."

"ಗೊತ್ತು. ನೀನು ನಗ್ತಾ ಇದ್ದೆ. ನನ್ನ ಜೊತೆ ಇದ್ದಾಗ ನಿನಗೆ ಅಷ್ಟು ಚೆನ್ನಾಗಿ ನಗು ಬರಲ್ಲ."

ಕೇಳೇರಾ ಸಿಪ್ಪೆಯನ್ನು ನೀರಿಗೆ ಎಸೆದಳು. ರೈಜಿಯೇಲಿ ಅವಳಿಗೆ ಇನ್ನೊಂದು ತುಂಡು ಕೊಟ್ಟಳು.

ಮೂರು ವಾರದ ಮೇಲೆ ನೆಮಾನಿ ಸ್ಟುಡಿಯೋದ ಮೆಟ್ಟಿಲು ಹತ್ತಿ ಬಂದ. ಹಿರಿಯರು ರೈಜಿಯೇಲಿಯ ಚಿತ್ರ ಆರಿಸಿದ್ದರು. ಆದರೆ ಗೋಡೆಗೆ ಬೇಕಾದಷ್ಟು ದೊಡ್ಡದಾಗಿ, ಬಣ್ಣ ಮಾಸದಂತೆ ಅಚ್ಚು ಹಾಕುವ ಯಂತ್ರ ಇದ್ದದ್ದು ಕೇಳೇರಾಳ ಬಳಿ. ಅಚ್ಚು ಹಾಕಿ ಚೌಕಟ್ಟು ಕಟ್ಟಿಕೊಡಬೇಕೆಂದು ಕೇಳಲು ಅವನಿಗೆ ಮುಜುಗರವಾಗಿ ಎರಡು ಲೋಟ ಚಹಾ ಕುಡಿದ.

ಅವನು ಹೋದ ಮೇಲೆ ಅವಳು ಚಿತ್ರವನ್ನು ಪರದೆಯ ಮೇಲೆ ತೆರೆದಳು. ಆದಿ ತೋರಿಕಾ ಯಾರದೋ ಮಾತಿಗೆ ತಲೆಯೆತ್ತಿದ ಹಾಗಿದ್ದಳು. ಕತ್ತು ಇತ್ತು, ಚೆನ್ನಾಗಿಯೇ ಇತ್ತು. ಹುಬ್ಬಿನ ಮೇಲೆ ಒಂದು ಹಳೆಯ ಗಾಯದ ಗುರುತು. ಮೂವತ್ತೈದು ವರ್ಷ ಕೆಳಗೆ ಕೂತವಳಿಗೆ ಅದು ಕಂಡೇ ಇರಲಿಲ್ಲ. ತಪ್ಪೂ ಒಂದಿತ್ತು, ಈ ಸಲ ನಿಜವಾದ ತಪ್ಪು: ಫ್ಯಾಷನ್ ಪತ್ರಿಕೆಯವರ ಅಭ್ಯಾಸದಂತೆ ರೈಜಿಯೇಲಿ ಮುಖವನ್ನು ಬೆಳಕಿನ ಅಳತೆಯಲ್ಲಿ ಅರ್ಧ ಸ್ಟಾಪಿನಷ್ಟು ತಿಳಿ ಮಾಡಿದ್ದಳು. ಅದು ಆದಿ ತೋರಿಕಾಳ ಬಣ್ಣವಲ್ಲ.

ಹಾಗೆಯೇ ಅಚ್ಚು ಹಾಕಿದರೆ ಸಾಕಿತ್ತು. ಸಭಾಮನೆಯಲ್ಲಿ ಹಳ್ಳಿಯವರು ತಲೆಯೆತ್ತಿ ನೋಡಿ, ಇದು ನಮ್ಮ ಅಮ್ಮನ ಮುಖವಲ್ಲ ಅನ್ನುತ್ತಿದ್ದರು. ತಾನು ಏನೂ ಮಾಡಿಲ್ಲ ಎಂದು ಯಾರ ಮುಂದೆಯೂ ಹೇಳಬಹುದಿತ್ತು. ಕೇಳೇರಾ ಪರೀಕ್ಷೆಗೆಂದು ತೆಗೆಯುವ ಸಣ್ಣ ಅಚ್ಚಿನ ಮೊದಲ ಪಟ್ಟಿಯನ್ನು ಹಾಗೆಯೇ ತೆಗೆದು ಕಿಟಕಿಯ ಬಳಿ ಅಂಟಿಸಿ ಎರಡು ದಿನ ಬಿಟ್ಟಳು. ಕೆಳಗೆ ಬಸ್ಸುಗಳು ಹೋದವು. ಮೂರನೆಯ ಬೆಳಿಗ್ಗೆ ಮುಖದ ಬೆಳಕನ್ನಷ್ಟೇ ಕಾಲು ಸ್ಟಾಪು ಇಳಿಸಿ ಒಂದು ಪಟ್ಟಿ, ಅರ್ಧ ಇಳಿಸಿ ಇನ್ನೊಂದು ತೆಗೆದಳು. ಅರ್ಧದ್ದೇ ಸರಿ ಇತ್ತು. ರೈಜಿಯೇಲಿಗೆ ಫೋನ್ ಮಾಡಿ ಬರಹೇಳಿದಳು.

ರೈಜಿಯೇಲಿ ಬಂದಾಗ ದೊಡ್ಡ ಅಚ್ಚು ಸಿದ್ಧವಾಗಿತ್ತು; ಅವಳು ಅದರ ಹತ್ತಿರ ಹೋಗಿ ನೋಡಿದಳು.

"ಮುಖದ ಬೆಳಕು ಇಳಿಸಿದ್ದೀಯ."

"ಅವಳು ಇರೋದೇ ಹಾಗೆ. ನೀನು ಅಮ್ಮನಿಗೆ ಸುಣ್ಣ ಬಳಿದಿದ್ದೆ."

"ನನಗೆ ಕಾಣಲಿಲ್ಲ." ಅವಳು ಇನ್ನಷ್ಟು ಹತ್ತಿರ ಹೋದಳು. "ನನ್ನದಕ್ಕಿಂತ ಇದೇ ಚೆನ್ನಾಗಿದೆ."

ಈ ಮಾತಿಗಾಗಿ ಕೇಳೇರಾ ಎಷ್ಟೋ ದಿನದಿಂದ ಕಾದಿದ್ದಳು. ಬಂದಾಗ ಅದು ಅಂದುಕೊಂಡಷ್ಟು ಸಿಹಿಯಾಗಿರಲಿಲ್ಲ. ಚಿತ್ರ ಇನ್ನೂ ರೈಜಿಯೇಲಿಯದೇ, ಚೌಕಟ್ಟಿನ ಕೆಳಗಿನ ಹಿತ್ತಾಳೆಯ ಪಟ್ಟಿಯ ಮೇಲೆ ಅವಳ ಹೆಸರೇ. ಕೇಳೇರಾ ಅಚ್ಚನ್ನು ಮೇಜಿನ ಮೇಲೆ ಮಗುಚಿ, ಸ್ಟುಡಿಯೋದ ರಬ್ಬರ್ ಮೊಹರನ್ನು ಶಾಯಿಯಲ್ಲಿ ಒತ್ತಿ ಹಿಂಬದಿಯ ಮೂಲೆಯಲ್ಲಿ ಹೊಡೆದಳು. ಸ್ವಲ್ಪ ಯೋಚಿಸಿ ನಡುವೆಯೂ ಒಂದು ಹೊಡೆದಳು.

"ಹಿಂದೆ ಯಾರು ನೋಡ್ತಾರೆ ಅತ್ತಿಗೆ?"

"ಗೆದ್ದಲು," ಎಂದಳು ಕೇಳೇರಾ. "ಅದಕ್ಕಾದರೂ ಗೊತ್ತಾಗಲಿ. ಆ ತುದಿ ಹಿಡ್ಕೋ, ಗಾಜು ಕೂರಿಸೋಣ."