ಹಿತ್ತಲ ಗೋಡೆಯೊಳಗಿನ ಡೈಮ್ಲರ್

ದೊಡ್ಡಬಳ್ಳಾಪುರದ ಹತ್ತಿರದ ಮಧುರೆಯ ವೆಂಕಟರಾಯಪ್ಪನಿಗೆ ಕಾರಿನ ಹುಚ್ಚು ಹಿಡಿದದ್ದು ಒಂದು ಮಳೆಯಲ್ಲಿ. ಆಗೆಲ್ಲ ಅವನು ಬೆಂಗಳೂರಿನ ಮಾರ್ಕೆಟ್ಟಿನ ಹತ್ತಿರ ಎತ್ತಿನ ಗಾಡಿ ಬಿಟ್ಟು, ತಲೆಯ ಮೇಲೆ ಕುಕ್ಕೆ ಹೊತ್ತು ಇಂಗ್ಲಿಷರಿದ್ದ ದಂಡಿನ ಬಂಗಲೆಗಳಿಗೆ ಹೂಕೋಸು, ನವಿಲುಕೋಸು ಹಾಕಿ ಬರುತ್ತಿದ್ದ. ಒಂದು ದಿನ ಬಂಗಲೆಯೊಂದರ ಮುಂದೆ ಮಳೆ ಹಿಡಿದುಕೊಂಡಿತು. ಆ ಮನೆಯ ಮುದುಕ ದೊರೆಗೆ ಏನನ್ನಿಸಿತೋ, ಡ್ರೈವರನ್ನು ಕರೆದು ಇವನನ್ನು ಗಾಡಿಯ ಹತ್ತಿರ ಬಿಟ್ಟು ಬರಲು ಹೇಳಿದ.

ಅದು ಡೈಮ್ಲರ್ ಕಾರು. ಕಪ್ಪು ಮೈ, ಮೂತಿಯ ಮೇಲೆ ಬೆಳ್ಳಿಯ ಹಾಗೆ ಹೊಳೆಯುವ ಏಣು ಏಣಾದ ಪಟ್ಟಿ. ಬಾಗಿಲು ಹಾಕಿದರೆ ಮೆತ್ತಗೆ ಒಂದು ಸದ್ದು, ಆಮೇಲೆ ಹೊರಗೆ ಮಳೆಯೇ ಇಲ್ಲವೇನೋ ಅನ್ನುವ ಹಾಗೆ ಮೌನ. ಚರ್ಮದ ಸೀಟಿನ ವಾಸನೆ, ಕನ್ನಡಿಯ ಹಾಗೆ ತಿಕ್ಕಿದ ಮರದ ಹಲಗೆ. ಹುಟ್ಟಿದಾಗಿನಿಂದ ಗಾಡಿಯ ಮೇಲೆ ಕುಲುಕಾಡಿಕೊಂಡೇ ಓಡಾಡಿದವನಿಗೆ ಭೂಮಿ ಅಷ್ಟು ನುಣ್ಣಗೆ ಇರಬಹುದು ಅಂತ ಗೊತ್ತಾದದ್ದು ಅವತ್ತೇ. ಮನೆಗೆ ಬಂದು ಹೆಂಡತಿ ಲಕ್ಕಮ್ಮನಿಗೆ ಹೇಳಿದ. ಅವಳು ನಕ್ಕಳು.

ಯುದ್ಧ ಶುರುವಾಗಿ ಪೆಟ್ರೋಲಿಗೆ ಕೂಪನ್ನು ಬಂದ ಮೇಲೆ ದೊರೆ ಊರು ಬಿಡಲು ಹೊರಟ. ಕಾರು ಯಾರಿಗೂ ಬೇಡವಾಗಿತ್ತು. ವೆಂಕಟರಾಯಪ್ಪ ಕೆರೆ ಕೆಳಗಿನ ಒಂದು ತುಂಡು ಗದ್ದೆ ಮಾರಿ ಅದನ್ನು ಕೊಂಡ. ಗಂಡ ಸತ್ತು ತವರಿಗೆ ಬಂದಿದ್ದ ಅವನ ಅಕ್ಕ ಅಕ್ಕಯಮ್ಮ ಹಣೆ ಚಚ್ಚಿಕೊಂಡಳು.

"ಅಪ್ಪ ಮಾಡಿದ ಗದ್ದೆ ಕಣೋ ವೆಂಕ್ಟಾ! ಅನ್ನ ತಿನ್ನೋ ಜನ ನಾವು, ಇದನ್ನ ಇಕ್ಕೊಂಡು ಏನ್ ಮಾಡ್ತೀಯ?"

"ನೋಡ್ತೀನಿ ಕಣಕ್ಕ" ಅಂದ ಅವನು. ನಿಜವಾಗಿಯೂ ಅಷ್ಟೇ ಮಾಡಿದ. ಬೆಳಿಗ್ಗೆ ಎದ್ದು ಹಸು ಬಿಚ್ಚುವ ಮೊದಲು ಅದನ್ನು ಒರೆಸುತ್ತಿದ್ದ. ಕೂಪನ್ನಿನ ಪೆಟ್ರೋಲಿನಲ್ಲಿ ಓಡಿಸುವುದನ್ನು ಕಲಿತು, ಒಂದೇ ಒಂದು ಸಲ ಲಕ್ಕಮ್ಮನನ್ನು ಘಾಟಿ ಸುಬ್ರಹ್ಮಣ್ಯಕ್ಕೆ ಕರೆದುಕೊಂಡು ಹೋದ. ಅವರಿಗೆ ಮಕ್ಕಳಿರಲಿಲ್ಲ, ನಾಗಪ್ಪನಿಗೆ ಹರಕೆ ಇತ್ತು. ಕೆಳಗೆ ಹಾಸಿದ್ದ ಜಮಖಾನಕ್ಕೆ ಮಣ್ಣಾದೀತೆಂದು ಲಕ್ಕಮ್ಮ ದಾರಿಯುದ್ದಕ್ಕೂ ಕಾಲು ಮಡಿಚಿ ಸೀಟಿನ ಮೇಲೇ ಕೂತಿದ್ದಳು. "ತೇರಿನ ಮೇಲೆ ಕೂತಂಗೈತೆ" ಅಂದಳಂತೆ. ಆ ಮಾತನ್ನು ಅವನು ಊರವರಿಗೆಲ್ಲ ಹೇಳಿಕೊಂಡು ಓಡಾಡಿದ.

ನಲವತ್ತೆರಡರಲ್ಲಿ ಒಂದು ಸುದ್ದಿ ಹಬ್ಬಿತು. ಮಿಲಿಟರಿಯವರು ಹಳ್ಳಿ ಹಳ್ಳಿಗೂ ಬಂದು ಕಾರು, ಲಾರಿ ಹಿಡಿದುಕೊಂಡು ಹೋಗುತ್ತಾರಂತೆ, ಬರ್ಮಾ ಗಡಿಗೆ ಕಳಿಸುತ್ತಾರಂತೆ. ಯಾರು ಕಂಡವರೋ ಗೊತ್ತಿಲ್ಲ. ವೆಂಕಟರಾಯಪ್ಪನಿಗೆ ಮಾತ್ರ ಊಟ ಸೇರದೆ ಹೋಯಿತು. ಕಂದಾಯದ ಶೇಕ್ದಾರರು ಬಂದು ಕಾರೆಲ್ಲಿ ಅಂತ ಕೇಳಿದಾಗ "ಮಾರ್ಬಿಟ್ಟೆ ಸ್ವಾಮಿ, ತುಮಕೂರಿನ ಕಡೆಯವರು ತಕೊಂಡೋದ್ರು" ಅಂತ ಹೇಳಿ ಅವರ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ. ಆಮೇಲೆ ಹಿತ್ತಲ ಕೊಟ್ಟಿಗೆಯ ಮೂಲೆಗೆ ಕಾರನ್ನು ನೂಕಿ, ಪೆಟ್ರೋಲಿನ ಎರಡು ಡಬ್ಬ ಹಿಂದುಗಡೆ ಇಟ್ಟು, ಮುಂದೆ ಮಣ್ಣಿನ ಗೋಡೆ ಎಬ್ಬಿಸಿದ. ಗೋಡೆಗೆ ಲಕ್ಕಮ್ಮನೇ ಸಗಣಿ ಬಳಿದಳು. ಸಂಗತಿ ಗೊತ್ತಿದ್ದದ್ದು ಮನೆಯ ಮೂವರಿಗೆ ಮಾತ್ರ.

ಮಿಲಿಟರಿಯವರು ಮಧುರೆಗೆ ಬರಲೇ ಇಲ್ಲ. ಅವತ್ತೂ ಬರಲಿಲ್ಲ, ಆಮೇಲೂ ಬರಲಿಲ್ಲ.

ಮರುವರ್ಷ ಅವರೆಕಾಯಿಯ ಕಾಲದಲ್ಲಿ ಲಕ್ಕಮ್ಮನಿಗೆ ಹೊಟ್ಟೆನೋವು ಬಂತು. ಬಲಗಡೆ ಮುಟ್ಟಗೊಡುತ್ತಿರಲಿಲ್ಲ. ಓಮ, ಇಂಗು, ಬಿಸಿ ಉಪ್ಪಿನ ಶಾಖ ಎಲ್ಲ ಆಯಿತು. ಮೂರನೆಯ ದಿನ ಜ್ವರ ಏರಿದಾಗ ದೊಡ್ಡಬಳ್ಳಾಪುರದಿಂದ ಡಾಕ್ಟರನ್ನು ಜಟಕಾದಲ್ಲಿ ಕರೆಸಿದರು. ಅವರು ಹೊಟ್ಟೆ ಒತ್ತಿ ನೋಡಿ ಎದ್ದು ನಿಂತರು.

"ಒಳಗೆ ಕರುಳು ಕೀವು ಕಟ್ಟಿದೆ. ಒಡೆಯೋದರೊಳಗೆ ಬೆಂಗಳೂರಿಗೆ ಸೇರಿಸಿ ಆಪರೇಷನ್ ಮಾಡಿಸ್ಬೇಕು. ಗಾಡಿಯಲ್ಲಿ ಆಗೋ ಮಾತಲ್ಲ, ಪೆಟ್ರೋಲಿಲ್ಲದೆ ಬಸ್ಸೂ ನಿಂತಿದೆ. ಈ ಕಡೆ ಯಾರ ಹತ್ರಾನಾದ್ರೂ ಕಾರಿದೆಯೇನಪ್ಪಾ?"

ಅಕ್ಕಯಮ್ಮ ತಮ್ಮನ ಮುಖ ನೋಡಿದಳು. ಹೊದಿಕೆಯೊಳಗಿಂದ ಲಕ್ಕಮ್ಮನೂ ನೋಡಿದಳು. ಹಿತ್ತಲ ಬಾಗಿಲು ತೆರೆದೇ ಇತ್ತು, ಗೋಡೆ ಅಲ್ಲಿಂದ ಕಾಣುತ್ತಿತ್ತು.

"ಇಲ್ಲ ಸ್ವಾಮಿ" ಅಂದ ವೆಂಕಟರಾಯಪ್ಪ.

ಡಾಕ್ಟರು ಜಟಕಾ ಹತ್ತಿದ ಮೇಲೆ ಅಕ್ಕಯಮ್ಮ ಅವನ ರಟ್ಟೆ ಹಿಡಿದಳು. "ಹಾರೆ ತಕೊಳ್ಳೋ. ಗೋಡೆ ಕೆಡವು!"

"ಸುಮ್ನಿರಕ್ಕಾ. ವರ್ಷದಿಂದ ಮುಟ್ಟಿಲ್ಲ, ಬ್ಯಾಟರಿ ಸತ್ತಿರ್ತದೆ. ಗೋಡೆ ಕೆಡವಿ ಅದು ಕದಲದೆ ಹೋದ್ರೆ ಹೊತ್ತು ಹಾಳು. ಕಾರು ಆಚೆಗೆ ಬಂದ್ರೆ ಶೇಕ್ದಾರ್ರು ಬಿಡ್ತಾರಾ? ನಾನು ಜೈಲಿಗೋದ್ರೆ ಇವಳನ್ನ ನೋಡೋರ್ಯಾರು?"

ಮಾತೆಲ್ಲ ಸರಿಯಾಗಿಯೇ ಇತ್ತು. ಆದರೆ ಹೇಳುವಾಗ ಅವನು ಅಕ್ಕನ ಕಣ್ಣು ತಪ್ಪಿಸಿದ. ಅವಳು ಇನ್ನೊಂದು ಮಾತು ಆಡುವುದರೊಳಗೆ ಒಳಗಿಂದ ಲಕ್ಕಮ್ಮನ ದನಿ ಕೇಳಿತು. "ಬಿಡತ್ತಿಗೆ. ಗಾಡಿ ಹೂಡಲಿ."

ಗಾಡಿಗೆ ಹುಲ್ಲು ಹಾಸಿ, ಮೇಲೆ ಹಾಸಿಗೆ ಹಾಕಿ ಮಲಗಿಸಿದರು. ಎತ್ತುಗಳನ್ನು ಅವನೇ ಹೊಡೆದ. ಪ್ರತಿ ಕಲ್ಲಿಗೂ ಅವಳು ನರಳುತ್ತಿದ್ದಳು. ಅವನು ಹಿಂದೆ ತಿರುಗಿ "ಇನ್ನೇನು ಬಂತು, ಇನ್ನೇನು ಬಂತು" ಅನ್ನುತ್ತಿದ್ದ. ಹೆಸರಘಟ್ಟದ ಕೆರೆ ದಾಟಿದ ಮೇಲೆ ನರಳುವುದು ನಿಂತಿತು. ನೋವು ಕಮ್ಮಿಯಾಯಿತೇನೋ ಅಂದುಕೊಂಡು ಅವನು ಸ್ವಲ್ಪ ದೂರ ಹಾಗೇ ಹೊಡೆದ. ಲಕ್ಕಮ್ಮನ ಪಕ್ಕದಲ್ಲಿ ಕೂತಿದ್ದ ಅಕ್ಕಯಮ್ಮ "ನಿಲ್ಸೋ" ಅಂದಳು. ಇನ್ನೂ ಬಿಸಿಲು ಇತ್ತು.

ತಿಥಿಯೆಲ್ಲ ಮುಗಿದ ಮೇಲೂ ಅವನು ಗೋಡೆಯ ಕಡೆ ಹೋಗಲಿಲ್ಲ. ಹಸುಗಳನ್ನು ಬೇರೆ ಕಡೆ ಕಟ್ಟಿಸಿದ. ಅಕ್ಕಯಮ್ಮ ಅವನಿಗೆ ಅನ್ನ ಬಡಿಸುತ್ತಿದ್ದಳೇ ಹೊರತು ಎದುರು ಕೂತು ಮಾತಾಡುತ್ತಿರಲಿಲ್ಲ. ಎರಡು ವರ್ಷ ಹೀಗೇ ಕಳೆಯಿತು.

ಯುದ್ಧ ಮುಗಿಯಿತು ಅಂತ ಸಂತೆಯಲ್ಲಿ ಜನ ಮಾತಾಡಿಕೊಂಡ ವಾರ ಅವನು ಹಾರೆ ತೆಗೆದುಕೊಂಡು ಹೋಗಿ ಗೋಡೆ ಕೆಡವಿದ. ಧೂಳು ಅಡಗಿದ ಮೇಲೆ ಕಾರು ಕಂಡಿತು. ಪಂಚೆಯ ಚುಂಗಿನಿಂದ ಒರೆಸಿದ ಕಡೆ ಕಪ್ಪು ಹಾಗೇ ಹೊಳೆಯಿತು. ಅವನು ಹಿಡಿ ತಿರುಗಿಸಿ ಬಾಗಿಲು ಎಳೆದ. ಬಾಗಿಲು ಪೂರ್ತಿ ಕೈಗೆ ಬಂತು.

ಆ ಕಾರಿನ ತಗಡಿನೊಳಗೆ ಇದ್ದದ್ದು ಮರದ ಚೌಕಟ್ಟು. ಅದನ್ನು ಗೆದ್ದಲು ತಿಂದು ಮುಗಿಸಿತ್ತು. ಸೀಟಿನ ಚರ್ಮ ಬೂಷ್ಟು ಹಿಡಿದಿತ್ತು, ನೆಲದ ಮೇಲೆ ಹುತ್ತದ ಮಣ್ಣು ಮೊಳಕಾಲುದ್ದ ಎದ್ದಿತ್ತು.

ದಂಡಿನಿಂದ ಚಿನ್ನಸ್ವಾಮಿ ಅನ್ನುವ ಮೆಕ್ಯಾನಿಕ್ಕನ್ನು ಕರೆತಂದ. ಅವನು ಬಾನೆಟ್ಟು ಎತ್ತಿ, ಬಗ್ಗಿ, ಬಹಳ ಹೊತ್ತು ನೋಡಿದ. "ಬಾಡಿ ಪೂರಾ ಹೋಯ್ತು ಸಾಮಿ. ಇಂಜಿನ್ ಮಾತ್ರ ಚೆನ್ನಾಗೈತೆ."

ವೆಂಕಟರಾಯಪ್ಪ ಕೇಳಬಾರದ್ದನ್ನು ಕೇಳಿದ. "ಮುಚ್ಚಿ ಒಂದು ವರ್ಷಕ್ಕೇ ತೆಗೆದಿದ್ರೆ?"

"ಒಂದು ವರ್ಷಕ್ಕಾ? ಆಗ ಏನೂ ಆಗಿರಲ್ಲ. ಬ್ಯಾಟರಿ ಇಲ್ದಿದ್ರೂ ಮುಂದೆ ಹ್ಯಾಂಡಲ್ ಹಾಕಿ ತಿರುಗಿಸಿದ್ರೆ ಎದ್ದಿರೋದು. ಪೆಟ್ರೋಲ್ ಬೇರೆ ಇಟ್ಟಿದ್ದೀರ."

ಹಿತ್ತಲ ಬಾಗಿಲಲ್ಲಿ ನಿಂತಿದ್ದ ಅಕ್ಕಯಮ್ಮ ಇದನ್ನು ಕೇಳಿಸಿಕೊಂಡು ಒಳಗೆ ಹೋದಳು. ಚಿನ್ನಸ್ವಾಮಿಗೆ ಏನೂ ಗೊತ್ತಿರಲಿಲ್ಲ. ಕೊಟ್ಟ ಮಜ್ಜಿಗೆ ಕುಡಿದು ಬಸ್ಸಿಗೆ ಹೋದ.

ಇನ್ನು ತಮ್ಮ ಅದನ್ನು ಕೊಡಲಿಯಿಂದ ಕಡಿಯುತ್ತಾನೆ, ಇಲ್ಲ ಬೆಂಕಿ ಇಡುತ್ತಾನೆ ಅಂದುಕೊಂಡಿದ್ದಳು ಅಕ್ಕಯಮ್ಮ. ವಾರ ಕಳೆದು ಒಂದು ಬೆಳಿಗ್ಗೆ ನೋಡಿದರೆ, ಅವನು ಬಾಗಿಲನ್ನು ತಂತಿಯಿಂದ ಕಟ್ಟಿ ನಿಲ್ಲಿಸಿ, ಮೂತಿಯ ಏಣುಗಳನ್ನು ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದ.

"ಥೂ! ಇನ್ನೂ ತಿಕ್ಕ್ತೀಯೇನೋ ಅದನ್ನ?"

ಅವನು ಕೈ ನಿಲ್ಲಿಸಲಿಲ್ಲ. "ನಾನೂ ಬ್ಯಾಡ ಅಂತ್ಲೇ ಬಂದೆ ಕಣಕ್ಕ. ಕಂಡ್ರೆ ಈಗ್ಲೂ ಎದೆ ಹಂಗೇ ಆಗ್ತದೆ. ಅವಳು ಹೋದ್ಮೇಲೆ ಈ ಆಸೇನೂ ಸಾಯ್ತದೆ ಅಂದ್ಕೊಂಡಿದ್ದೆ. ಸಾಯ್ಲಿಲ್ಲ." ಅಷ್ಟು ಹೇಳಿ ಅಲ್ಲೇ ಕುಕ್ಕರಿಸಿ ಅತ್ತ. ಅಕ್ಕಯಮ್ಮನಿಗೆ ಅವನ ಬೆನ್ನು ಮುಟ್ಟಬೇಕು ಅನ್ನಿಸಿತಂತೆ. ಮುಟ್ಟಲಿಲ್ಲ.

ನಲವತ್ತೆಂಟರಲ್ಲಿ ಚಿಕ್ಕಪೇಟೆಯ ಜವಳಿ ಅಂಗಡಿಯ ಯಜಮಾನನೊಬ್ಬ ಸುದ್ದಿ ತಿಳಿದು ಮಧುರೆಗೆ ಬಂದ. ಮೂವತ್ತರ ಆಸುಪಾಸಿನವನು. ಕೊಟ್ಟಿಗೆಯೊಳಗೆ ಕಾಲಿಟ್ಟವನೇ ಚಪ್ಪಲಿ ಬಿಟ್ಟ. ಮೆಲ್ಲಗೆ ಹೋಗಿ ಮೂತಿಯ ಮೇಲೆ ಅಂಗೈ ಇಟ್ಟ. ಹೊಸ ಮರ ಹಾಕಿಸಿ, ಹೊಸ ಚರ್ಮ ಹೊದಿಸಿ ಎಬ್ಬಿಸುತ್ತೇನೆ ಅಂದ.

ವೆಂಕಟರಾಯಪ್ಪ ಅವನನ್ನು ಜಗುಲಿಯಲ್ಲಿ ಕೂರಿಸಿ, ಲಕ್ಕಮ್ಮನ ಸಂಗತಿಯನ್ನು ಮೊದಲಿಂದ ಕೊನೆಯವರೆಗೂ ಹೇಳಿದ. ಡಾಕ್ಟರು ಕೇಳಿದ್ದು, ತಾನು ಅಂದದ್ದು, ಹೆಸರಘಟ್ಟದ ದಾರಿ. ಹೊರಗಿನವರಿಗೆ ಹೇಳಿದ್ದು ಅದೇ ಮೊದಲು. ಯಜಮಾನ ತಲೆ ತಗ್ಗಿಸಿ ಕೇಳಿದ, ಪಾಪ ಅಂದ. ಆಮೇಲೆ ಕೊಟ್ಟಿಗೆಯ ಕಡೆ ತಿರುಗಿ, "ಇಂಜಿನ್ ತಿರುಗತ್ತೆ ಅಲ್ವಾ?" ಅಂದ.

"ತಿರುಗ್ತದೆ" ಅಂದ ವೆಂಕಟರಾಯಪ್ಪ. ಅದೇ ಕಣ್ಣು, ಅದೇ ಆಸೆ. ಅವನಿಗೆ ಸಿಟ್ಟು ಬರಲಿಲ್ಲ. ಸುಸ್ತಾದವನ ಹಾಗೆ ಕಂಬಕ್ಕೆ ಒರಗಿ, "ತಕೊಂಡೋಗಿ" ಅಂದ.

ಎಳೆಯಲು ಎರಡು ಜೊತೆ ಎತ್ತು ಬಂದವು. ಆಳು ಹಗ್ಗವನ್ನು ಮೂತಿಯ ಸುತ್ತ ಬಿಗಿಯಲು ಹೋದಾಗ ಜಗುಲಿಯಲ್ಲಿದ್ದ ವೆಂಕಟರಾಯಪ್ಪ ಎದ್ದು ಓಡಿದ. "ಅಲ್ಲಲ್ಲಪ್ಪಾ, ಕೆಳಗೆ ಅಚ್ಚಿಗೆ ಕಟ್ಟು. ಗೀರು ಬೀಳ್ತದೆ!" ಒಳಗಿದ್ದ ಅಕ್ಕಯಮ್ಮ ಬಾಗಿಲು ಮುಚ್ಚಿಕೊಂಡಳು.

ಕಾರು ಊರ ಬೀದಿಯಲ್ಲಿ ಹೋಯಿತು. ಅವನು ಹಿಂದೆ ಹಿಂದೆ ನಡೆದ. ಕೆರೆ ಏರಿ ಹತ್ತುವಲ್ಲಿ ಎತ್ತುಗಳು ನಿಂತುಬಿಟ್ಟವು. ಆಳುಗಳು ಎಷ್ಟು ಕೂಗಿದರೂ ಕದಲಲಿಲ್ಲ. ವೆಂಕಟರಾಯಪ್ಪ ಪಂಚೆ ಎತ್ತಿ ಕಟ್ಟಿಕೊಂಡು, ಹಿಂದಿನಿಂದ ಹೆಗಲು ಕೊಟ್ಟು ತಳ್ಳಿದ.